ಮೈಲೇಜು ಇಳಿದಾಗ ವ್ಯಾನು ಹೇಳುವುದೇನು

ಹನ್ನೊಂದು ವರ್ಷಗಳಿಂದ ನಾನು ಒಂದೇ ಡೀಸೆಲ್ ವ್ಯಾನನ್ನು ಓಡಿಸುತ್ತಿದ್ದೇನೆ. ಅದರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಗೆರೆ ಹಾಳೆಯ ಒಂದು ನೋಟುಪುಸ್ತಕ ಯಾವಾಗಲೂ ಇರುತ್ತದೆ. ಪ್ರತಿ ಸಲ ಡೀಸೆಲ್ ತುಂಬಿಸಿದಾಗಲೂ ಅಂದಿನ ದಿನಾಂಕ, ಓಡೋಮೀಟರಿನ ಅಂಕಿ, ಹಿಡಿದ ಲೀಟರು, ಹಿಂದಿನ ಸಲದಿಂದ ಈವರೆಗೆ ಗಾಡಿ ಹೊತ್ತ ಭಾರದ ಅಂದಾಜು, ಈ ನಾಲ್ಕನ್ನು ಅದರಲ್ಲಿ ಬರೆಯುತ್ತೇನೆ. ವ್ಯಾನನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳುವುದು ಬೇರೆ ಕೆಲಸ, ಇಂಧನ ಉಳಿಸುವುದು ಬೇರೆ ಕೆಲಸ ಎಂದು ಮೊದಮೊದಲು ನಾನು ತಿಳಿದಿದ್ದೆ. ಆ ತಿಳುವಳಿಕೆಯನ್ನು ತಿದ್ದಿದ್ದು ಈ ಪುಸ್ತಕ. ಗಾಡಿಯಲ್ಲಿ ಹುಟ್ಟುವ ಅನೇಕ ದೋಷಗಳು ಸದ್ದು ಮಾಡುವುದಕ್ಕೂ ಎಚ್ಚರಿಕೆಯ ದೀಪ ಹೊತ್ತಿಸುವುದಕ್ಕೂ ಎಷ್ಟೋ ಮೊದಲು ಲೀಟರಿಗೆ ಓಡುವ ಕಿಲೋಮೀಟರಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ.

ಲೆಕ್ಕ ನಂಬಿಕೆಗೆ ಅರ್ಹವಾಗಬೇಕಾದರೆ ಅಳೆಯುವ ರೀತಿ ಪ್ರತಿ ಸಲವೂ ಒಂದೇ ಆಗಿರಬೇಕು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಪಂಪಿನ ನಳಿಕೆ ಮೊದಲ ಸಲ ತಾನಾಗಿ ನಿಂತ ಕೂಡಲೇ ನಿಲ್ಲಿಸಿ, ಮುಂದಿನ ಸಲವೂ ಹಾಗೆಯೇ ತುಂಬಿಸಿ, ನಡುವೆ ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಬೇಕು. ನಿಂತ ಮೇಲೂ ‘ಇನ್ನು ಸ್ವಲ್ಪ ಹಿಡಿಯುತ್ತದೆ’ ಎಂದು ಹಾಕಿಸಿದರೆ ಎರಡು ಲೀಟರಿನ ವ್ಯತ್ಯಾಸ ಬಂದುಬಿಡುತ್ತದೆ. ಐವತ್ತು ಲೀಟರಿನಲ್ಲಿ ಎರಡು ಲೀಟರೆಂದರೆ ನೂರಕ್ಕೆ ನಾಲ್ಕರಷ್ಟು ತಪ್ಪು. ಆದ್ದರಿಂದ ನಾನು ಒಂದು ಸಲದ ಅಂಕಿಯನ್ನು ನಂಬುವುದಿಲ್ಲ, ಸತತ ಮೂರು ಸಲದ ಸರಾಸರಿಯನ್ನು ನೋಡುತ್ತೇನೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸರಾಸರಿಯೂ ಉಪಯುಕ್ತವೇ, ಆದರೆ ನನ್ನ ವ್ಯಾನಿನಲ್ಲಿ ಅದು ನಿಜವಾದ ಲೆಕ್ಕಕ್ಕಿಂತ ಯಾವಾಗಲೂ ತುಸು ಹೆಚ್ಚನ್ನೇ ತೋರಿಸುತ್ತ ಬಂದಿದೆ.

ಈ ಪುಸ್ತಕದ ಬೆಲೆ ನನಗೆ ಪೂರ್ತಿ ತಿಳಿದದ್ದು ಐದನೆಯ ವರ್ಷದಲ್ಲಿ. ಲೀಟರಿಗೆ 12.4 ಕಿಲೋಮೀಟರಿನ ಆಸುಪಾಸಿನಲ್ಲಿ ನಿಂತಿದ್ದ ಲೆಕ್ಕ ಮೂರು ಸಲ ತುಂಬಿಸುವಷ್ಟರಲ್ಲಿ 11.1ಕ್ಕೆ ಇಳಿಯಿತು. ದಾರಿ ಅದೇ, ಭಾರವೂ ಅಷ್ಟೇ, ಓಡಿಸುವವನೂ ನಾನೊಬ್ಬನೇ. ಮೊದಲು ಡೀಸೆಲಿನ ಮೇಲೆ ಅನುಮಾನ ಬಂತು, ಆಮೇಲೆ ಇಂಜಿನ್ನಿಗೆ ಡೀಸೆಲನ್ನು ಚಿಮ್ಮಿಸುವ ಇಂಜೆಕ್ಟರುಗಳ ಮೇಲೆ; ಏರ್ ಫಿಲ್ಟರನ್ನೂ ಬದಲಾಯಿಸಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ಸಂಜೆ ತುಸು ಇಳಿಜಾರಿನ ಜಾಗದಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕನ್ನು ಇಳಿಸಿದಾಗ, ಪ್ರತಿ ದಿನ ಅಲ್ಲಿ ಮೆಲ್ಲಗೆ ಜಾರುತ್ತಿದ್ದ ವ್ಯಾನು ಅಂದು ನಿಂತಲ್ಲೇ ನಿಂತಿತು. ಕೆಳಗಿಳಿದು ನಾಲ್ಕೂ ಚಕ್ರಗಳ ಬಳಿ ಅಂಗೈಯ ಹಿಂಭಾಗವನ್ನು ಹಿಡಿದು ನೋಡಿದೆ. ಮೂರು ಚಕ್ರಗಳು ಬೆಚ್ಚಗಿದ್ದವು. ಎಡಗಡೆಯ ಹಿಂದಿನ ಚಕ್ರದ ಮುಂದೆ ಒಂದು ಗೇಣು ದೂರದಲ್ಲೇ ಒಲೆಯ ಮುಂದೆ ಕೈ ಹಿಡಿದಂತೆ ಕಾವು ಹೊಡೆಯುತ್ತಿತ್ತು. ರಿಮ್ಮಿನ ಮೇಲೆ ಬೇರೆ ಯಾವ ಚಕ್ರದಲ್ಲೂ ಇಲ್ಲದಷ್ಟು ಕಪ್ಪು ಹುಡಿ ಅಂಟಿತ್ತು.

ಮೆಕ್ಯಾನಿಕ್ ಗಾಡಿಯ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ ಎರಡೂ ಚಕ್ರಗಳನ್ನು ಕೈಯಿಂದ ತಿರುಗಿಸಿದರು. ಬಲಗಡೆಯದು ಮೂರು ನಾಲ್ಕು ಸುತ್ತು ಸಲೀಸಾಗಿ ತಿರುಗಿತು, ಎಡಗಡೆಯದು ಅರ್ಧ ಸುತ್ತಿಗೇ ನಿಂತಿತು. ‘ಇಂಜಿನ್ ಏನೂ ಮಾಡಿಲ್ಲ ಸರ್, ಬ್ರೇಕ್ ಹಿಡ್ಕೊಂಡಿದೆ’ ಎಂದರು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ಬಿಚ್ಚಿದಾಗ, ಅದು ಹಿಂದೆ ಮುಂದೆ ಜಾರಲು ಇರುವ ಎರಡು ಪಿನ್ನುಗಳಲ್ಲಿ ಒಂದರ ರಬ್ಬರು ಹರಿದು ನೀರು ಒಳಹೊಕ್ಕು ತುಕ್ಕು ಹಿಡಿದಿತ್ತು. ಇಕ್ಕಳ ಹಾಕಿ ತಿರುಚಿ ತಿರುಚಿ ಎಳೆದ ಮೇಲೆ ಪಿನ್ನು ಹೊರಬಂತು. ಪೆಡಲಿನಿಂದ ಕಾಲು ತೆಗೆದ ಮೇಲೂ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇತ್ತು. ಹೊರಗಿನ ಪ್ಯಾಡು ಅರ್ಧ ಉಳಿದಿದ್ದರೆ ಒಳಗಿನದು ಲೋಹದ ತಟ್ಟೆಯವರೆಗೆ ಸವೆದುಹೋಗಿತ್ತು. ಪಿನ್ನನ್ನು ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸನ್ನು ಹಚ್ಚಿ, ಹೊಸ ರಬ್ಬರು ಹಾಕಿ, ಎರಡೂ ಕಡೆಯ ಪ್ಯಾಡುಗಳನ್ನು ಜೋಡಿಯಾಗಿ ಬದಲಾಯಿಸಿದೆವು. ಮುಂದಿನ ಮೂರು ಸಲದ ಸರಾಸರಿ 12.3ಕ್ಕೆ ಮರಳಿತು. ನೂರಕ್ಕೆ ಹತ್ತರಷ್ಟು ಡೀಸೆಲು ಒಂದು ಚಕ್ರವನ್ನು ಕಾಯಿಸುವುದಕ್ಕೆ ವ್ಯಯವಾಗುತ್ತಿತ್ತು. ಡೀಸೆಲಿಗಿಂತ ಆ ಪ್ಯಾಡಿನ ಸ್ಥಿತಿಯೇ ಇಂದಿಗೂ ನನ್ನನ್ನು ಹೆಚ್ಚು ಕಾಡುತ್ತದೆ. ಇನ್ನೊಂದು ತಿಂಗಳು ಹಾಗೆಯೇ ಓಡಿಸಿದ್ದರೆ ಘಟ್ಟದ ಇಳಿಜಾರಿನಲ್ಲಿ ಏನಾಗುತ್ತಿತ್ತೆಂಬುದನ್ನು ನೆನೆಯುವುದಕ್ಕೂ ಮನಸ್ಸಾಗುವುದಿಲ್ಲ. ಅಂದಿನಿಂದ ದೂರದ ಪ್ರಯಾಣ ಮುಗಿದಾಗಲೆಲ್ಲ ಚಕ್ರಗಳ ಬಳಿ ಕೈ ಹಿಡಿದು ನೋಡುವುದನ್ನು ನಾನು ತಪ್ಪಿಸಿಲ್ಲ. ಚಕ್ರವನ್ನು ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು.

ಟಯರಿನ ಗಾಳಿಯ ವಿಷಯದಲ್ಲಿ ವ್ಯಾನು ಕಾರಿಗಿಂತ ಹೆಚ್ಚು ಗಮನವನ್ನು ಬೇಡುತ್ತದೆ, ಏಕೆಂದರೆ ಖಾಲಿ ವ್ಯಾನಿಗೂ ತುಂಬಿದ ವ್ಯಾನಿಗೂ ತೂಕದಲ್ಲಿ ಒಂದು ಟನ್ನಿನ ಅಂತರವಿರಬಹುದು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಖಾಲಿ ಗಾಡಿಗೆ ಒಂದು ಒತ್ತಡ, ಪೂರ್ತಿ ಲೋಡಿಗೆ ಇನ್ನೊಂದು ಒತ್ತಡ ಎಂದು ಎರಡು ಸಾಲುಗಳಿರುತ್ತವೆ. ಹಿಂದಿನ ಚಕ್ರಗಳಿಗೆ ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಟಯರಿನ ಮೈಮೇಲೆ ಅಚ್ಚೊತ್ತಿರುವ ಅಂಕಿ ಆ ಟಯರು ತಡೆದುಕೊಳ್ಳಬಲ್ಲ ಗರಿಷ್ಠ ಮಿತಿಯೇ ಹೊರತು ಗಾಡಿಗೆ ಹಾಕಿಸಬೇಕಾದ ಒತ್ತಡವಲ್ಲ. ಗಾಡಿ ಮೂರು ಗಂಟೆಯಾದರೂ ನಿಂತು ಟಯರು ತಣಿದ ಮೇಲೆ ಅಳೆದ ಒತ್ತಡವೇ ಸರಿಯಾದದ್ದು. ವ್ಯಾನಿನ ಟಯರಿನಲ್ಲಿ ಹೊರಗಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಹಾಗಾಗಿ ಸೆಖೆಗಾಲದಲ್ಲಿ ಹಾಕಿಸಿದ ಗಾಳಿ ಚಳಿಗಾಲಕ್ಕೆ ಸಾಕೆಂದು ತಿಳಿಯಬಾರದು. ಕಡಿಮೆ ಗಾಳಿಯ ಟಯರು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿಕೊಳ್ಳುತ್ತದೆ, ಆ ಮಡಚುವಿಕೆ ಕಾವಾಗುತ್ತದೆ, ಕಾವಿಗೆ ಬೇಕಾದ ಶಕ್ತಿ ಟ್ಯಾಂಕಿನಿಂದಲೇ ಬರಬೇಕು. ಲೋಡು ಹೊತ್ತ ಗಾಡಿಯಲ್ಲಿ ಅದೇ ಕಾವು ಟಯರನ್ನು ಸಿಡಿಸಲೂಬಹುದು.

ಸವೆದ ರೀತಿಯನ್ನೂ ಓದಬೇಕು. ಟಯರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತೆಂದು, ನಡುಭಾಗ ಸವೆದಿದ್ದರೆ ಹೆಚ್ಚಿತ್ತೆಂದು ಅರ್ಥ. ಅಂಗೈಯನ್ನು ಟಯರಿನ ಅಡ್ಡಕ್ಕೆ ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಸವರಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ. ಚಕ್ರಗಳು ಉರುಳುವುದರ ಜೊತೆಗೆ ಒಂದಿಷ್ಟು ಅಡ್ಡಕ್ಕೂ ಉಜ್ಜಿಕೊಂಡು ಹೋಗುತ್ತಿವೆ.

ಗಾಡಿ ಸರಿಯಿದ್ದ ಮೇಲೆ ಉಳಿಯುವುದು ಓಡಿಸುವವರ ಕಾಲು. ಹೆದ್ದಾರಿಯಲ್ಲಿ ವ್ಯಾನಿಗೆ ಎದುರಾಗಿ ನಿಲ್ಲುವುದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚುತ್ತದೆ, ತಡೆ ಮಾತ್ರ ನೂರಕ್ಕೆ 56ರಷ್ಟು ಹೆಚ್ಚುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಎತ್ತರವಾದ ಅಗಲ ಮೂತಿಯ ವ್ಯಾನಿಗೆ ಈ ಹೊರೆ ಕಾರಿಗಿಂತ ಹೆಚ್ಚು ತಾಗುತ್ತದೆ. 100ರ ಬದಲು 90ರಲ್ಲಿ ಓಡಿಸಿದರೆ ತಡೆ ನೂರಕ್ಕೆ 19ರಷ್ಟು ಇಳಿಯುತ್ತದೆ. ನೂರು ಕಿಲೋಮೀಟರಿನ ದಾರಿಯಲ್ಲಿ ತಡವಾಗುವುದು ಏಳು ನಿಮಿಷಕ್ಕೂ ಕಡಿಮೆ. ಈ ಲೆಕ್ಕವನ್ನು ಮಾಡಿ ನೋಡಿದ ಮೇಲೆ 90ಕ್ಕಿಂತ ಮೇಲೆ ಹೋಗುವ ಆಸೆ ನನಗೆ ತಾನಾಗಿ ಕಡಿಮೆಯಾಯಿತು.

ಆಕಾರವೂ ಎಷ್ಟು ಮುಖ್ಯವೆಂಬುದಕ್ಕೆ ಫೋಕ್ಸ್‌ವ್ಯಾಗನ್ನಿನ ಟೈಪ್ 2 ವ್ಯಾನು ಒಳ್ಳೆಯ ಉದಾಹರಣೆ. 1947ರಲ್ಲಿ ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ಬಿಡಿಸಿದ ಒಂದು ಗೆರೆಚಿತ್ರದಿಂದ ಹುಟ್ಟಿದ ಆ ಗಾಡಿಯ ಮೊದಲ ಮಾದರಿಯ ಗಾಳಿತಡೆಯ ಗುಣಾಂಕ (ಆಕಾರ ಗಾಳಿಗೆ ಎಷ್ಟು ಅಡ್ಡಬರುತ್ತದೆಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.75 ಇತ್ತು. ಜರ್ಮನಿಯ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಗಾಳಿಸುರಂಗದಲ್ಲಿ ಪರೀಕ್ಷಿಸುತ್ತ, ಮುಂಭಾಗವನ್ನು ದುಂಡಗೆ ಮಾಡಿ ಗಾಜನ್ನು ಎರಡು ಹೋಳಾಗಿ ಕೋನಕ್ಕೆ ತಿರುಗಿಸಿದ ಮೇಲೆ ಅದು 0.44ಕ್ಕೆ ಇಳಿಯಿತು, 1950ರಲ್ಲಿ ಗಾಡಿ ತಯಾರಿಕೆಗೆ ಬಂತು. ಅಷ್ಟು ಕಷ್ಟಪಟ್ಟು ನಯಗೊಳಿಸಿದ ಮೈಮೇಲೆ ನಾವು ವರ್ಷಪೂರ್ತಿ ಛಾವಣಿಯ ಖಾಲಿ ಕ್ಯಾರಿಯರನ್ನು ಹೊತ್ತುಕೊಂಡು ತಿರುಗುತ್ತೇವೆ. ಬೇಕಾದಾಗ ಕಟ್ಟಿ, ಕೆಲಸ ಮುಗಿದ ದಿನವೇ ಬಿಚ್ಚಿಡುವುದು ಒಂದು ಗಂಟೆಯ ಕೆಲಸ. ಎರಡು ಸ್ಪ್ಯಾನರು ಸಾಕು.

ಪೇಟೆಯೊಳಗೆ ಗಾಳಿಗಿಂತ ಬ್ರೇಕೇ ಹೆಚ್ಚು ಇಂಧನವನ್ನು ತಿನ್ನುತ್ತದೆ. ಲೋಡು ಸೇರಿ ಎರಡೂವರೆ ಟನ್ ತೂಗುವ ವ್ಯಾನು 80ರ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 6 ಲಕ್ಷ ಜೂಲ್ ಚಲನಶಕ್ತಿ ಇರುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿ ಸುಮಾರು 3.6 ಕೋಟಿ ಜೂಲ್. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಚಕ್ರಕ್ಕೆ ತಲುಪುತ್ತದೆ ಎಂದಿಟ್ಟುಕೊಂಡರೆ, ಆ ವೇಗದಿಂದ ಬ್ರೇಕ್ ಹಾಕಿ ಪೂರ್ತಿ ನಿಲ್ಲಿಸಿದ ಪ್ರತಿ ಸಲವೂ 50ರಿಂದ 60 ಮಿಲಿಲೀಟರ್ ಡೀಸೆಲನ್ನು ಕಾವಾಗಿ ಚೆಲ್ಲಿದಂತೆ. ಇಪ್ಪತ್ತು ಸಲ ಹಾಗೆ ನಿಂತರೆ ಒಂದು ಲೀಟರಿಗಿಂತ ಹೆಚ್ಚು ಹೋಯಿತು. ಆದ್ದರಿಂದ ಮುಂದಿನ ಗಾಡಿಯ ಹಿಂಭಾಗವನ್ನಷ್ಟೇ ನೋಡದೆ ಅದರಾಚೆಯ ನಾಲ್ಕು ಗಾಡಿಗಳನ್ನೂ ಸಿಗ್ನಲ್ಲನ್ನೂ ನೋಡುತ್ತ, ಅಂತರವಿಟ್ಟುಕೊಂಡು, ಕೆಂಪು ದೀಪ ಕಂಡ ಕೂಡಲೇ ಎಕ್ಸಲರೇಟರಿನಿಂದ ಕಾಲೆತ್ತಿ ಗೇರಿನಲ್ಲೇ ಗಾಡಿಯನ್ನು ಬಿಡಬೇಕು. ವ್ಯಾನಿನಲ್ಲಿ ನಾವು ಎತ್ತರದಲ್ಲಿ ಕುಳಿತಿರುತ್ತೇವೆ. ಕಾರಿನವರಿಗೆ ಕಾಣದಷ್ಟು ದೂರದ ದಾರಿ ನಮಗೆ ಕಾಣುತ್ತದೆ.

ಗೇರಿನಲ್ಲೇ ಬಿಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲು ಉಳಿಯುತ್ತದೆ ಎಂಬ ಮಾತನ್ನು ನಂಬಿ ಓಡಿಸುವವರು ಈಗಲೂ ಬಹಳ ಮಂದಿ. ಕಂಪ್ಯೂಟರಿನಿಂದ ನಿಯಂತ್ರಿತವಾದ ಇಂಜೆಕ್ಷನ್ ಇರುವ ಇಂದಿನ ಇಂಜಿನುಗಳಲ್ಲಿ, ಗೇರಿನಲ್ಲಿದ್ದು ಕಾಲು ಎತ್ತಿದಾಗ ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿರುತ್ತವೆ, ಇಂಜೆಕ್ಟರುಗಳು ಇಂಧನವನ್ನು ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನಾಗಿ ತಿರುಗಲು ಮತ್ತೆ ಇಂಧನ ಬೇಕು. ಅದಕ್ಕಿಂತ ಮುಖ್ಯವಾಗಿ, ಇಂಜಿನ್ನಿನ ಹಿಡಿತ ತಪ್ಪಿ ಲೋಡಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತವನ್ನೇ ಕಳೆದುಕೊಳ್ಳಬಹುದು. ದಯವಿಟ್ಟು ಯಾರೂ ಹಾಗೆ ಓಡಿಸಬೇಡಿ.

ಲೋಡು ಹಾಕುವಾಗ ಭಾರವಾದದ್ದನ್ನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇಟ್ಟು ಕಟ್ಟಬೇಕು. ಹಿಂಬಾಗಿಲಿನ ಬಳಿ ತುಂಬಿದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಸಡಿಲವಾದಂತಾಗುತ್ತದೆ. ‘ಯಾವಾಗಲಾದರೂ ಬೇಕಾಗುತ್ತದೆ’ ಎಂದು ವ್ಯಾನಿನಲ್ಲೇ ಉಳಿಸಿಕೊಂಡ ಸಾಮಾನನ್ನು ಒಮ್ಮೆ ಇಳಿಸಿ ತೂಗಿದಾಗ ನನ್ನದು 85 ಕಿಲೋ ಆಗಿತ್ತು. ಮೈಮೇಲೆ ಒಬ್ಬ ಆಳನ್ನು ಸುಮ್ಮನೆ ಹೊತ್ತು ತಿರುಗಿದಂತೆ.

ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜು ಬಹಳ ಇಳಿಯುತ್ತದೆ ಎಂಬ ಒಂದು ತಪ್ಪು ನಂಬಿಕೆ ಇದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಪ್ರಕಾರ, ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಆಧುನಿಕ ಪೆಟ್ರೋಲ್ ಗಾಡಿಗಳಲ್ಲಿ ಕಟ್ಟಿಕೊಂಡ ಏರ್ ಫಿಲ್ಟರಿನಿಂದ ಮೈಲೇಜು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ, ಎಳೆತ ಮಾತ್ರ ಕಡಿಮೆಯಾಗುತ್ತದೆ. ಫಿಲ್ಟರನ್ನು ಬದಲಾಯಿಸಬೇಕಾದದ್ದು ಇಂಜಿನ್ನಿನ ಆಯಸ್ಸಿಗಾಗಿ. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ತಿರುಪು ಸಡಿಲಿಸಿ ಆಗಾಗ ಇಳಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಒಳ್ಳೆಯದು. ಉಷ್ಣತೆಯ ಮುಳ್ಳು ಎಷ್ಟು ಓಡಿಸಿದರೂ ನಡುವಿಗೆ ಬಾರದಿದ್ದರೆ ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ತಣ್ಣಗಿನ ಇಂಜಿನ್ ಹೆಚ್ಚು ಕುಡಿಯುತ್ತದೆ, ಅದೂ ಲೆಕ್ಕದ ಪುಸ್ತಕದಲ್ಲೇ ಮೊದಲು ಕಾಣುವ ದೋಷ.

ಇಂಜಿನ್ ಆಯಿಲ್ಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಆಯಿಲ್ ತಳಕ್ಕೆ ಇಳಿಯಲು ಬಿಟ್ಟು, ಡಿಪ್‌ಸ್ಟಿಕ್ಕನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು. ಮಟ್ಟ ಇಳಿಯುವುದನ್ನು ಎಲ್ಲರೂ ಗಮನಿಸುತ್ತಾರೆ, ಏರುವುದನ್ನೂ ಗಮನಿಸಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರಿರುವ ಡೀಸೆಲ್ ವ್ಯಾನು ಆಗಾಗ ಆ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟುಕೊಳ್ಳುತ್ತದೆ. ದಿನವೂ ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಸುಡುವ ಕೆಲಸ ಅರ್ಧಕ್ಕೆ ನಿಂತು, ಅದಕ್ಕೆಂದು ಚಿಮ್ಮಿಸಿದ ಡೀಸೆಲು ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಆಗ ಆಯಿಲ್ ತೆಳ್ಳಗಾಗುತ್ತದೆ. ಕಡ್ಡಿಯ ತುದಿಯನ್ನು ಮೂಸಿದರೆ ಡೀಸೆಲಿನ ವಾಸನೆ ತಿಳಿಯುತ್ತದೆ. ಅಂಥ ವ್ಯಾನನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವುದು ದಂಡವಲ್ಲ.

ನಾಳೆ ನಸುಕಿಗೆ 400 ಕಿಲೋಮೀಟರಿನ ಪ್ರಯಾಣವಿದೆ, ಪೂರ್ತಿ ಲೋಡು. ಕ್ಯಾರಿಯರನ್ನು ಬಿಚ್ಚಿಟ್ಟಿದ್ದೇನೆ, ಆಯಿಲ್ ಮತ್ತು ಕೂಲೆಂಟ್ ನೋಡಿಯಾಗಿದೆ. ಟಯರು ತಣ್ಣಗಿರುವಾಗಲೇ ಹಿಂದಿನ ಎರಡು ಚಕ್ರಗಳಿಗೂ ಸ್ಟೆಪ್ನಿಗೂ ಚೀಟಿಯ ಎರಡನೆಯ ಸಾಲಿನಷ್ಟು ಗಾಳಿ ತುಂಬಿಸುವುದಷ್ಟೇ ಬಾಕಿ. ಕಳೆದ ಮೂರು ಸಲದ ಸರಾಸರಿ 12.2.