ದಂಡ ಕಟ್ಟಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ

2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿಯಲ್ಲಿ, ಅಮೆರಿಕದ ಲೂಯಿಸಿಯಾನ ತೀರದಿಂದ ಸುಮಾರು 66 ಕಿಲೋಮೀಟರ್ ದೂರದಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ (ಎಣ್ಣೆ ಬಾವಿ ಕೊರೆಯುವ ತೇಲುವ ವೇದಿಕೆ) ಸ್ಫೋಟಗೊಂಡು 11 ಮಂದಿ ಕಾರ್ಮಿಕರು ಸತ್ತರು. ಹೊತ್ತಿ ಉರಿದ ರಿಗ್ ಏಪ್ರಿಲ್ 22ರಂದು ಮುಳುಗಿತು. ಅದರ ಕೆಳಗಿದ್ದ ಮಕಾಂಡೊ ಬಾವಿ ಜುಲೈ 15ರವರೆಗೆ, ಅಂದರೆ 87 ದಿನ, ಕಡಲಿಗೆ ಎಣ್ಣೆ ಕಾರಿತು. ಹೊರಬಂದದ್ದು 49 ಲಕ್ಷ ಬ್ಯಾರೆಲ್ ಎಂದು ಅಮೆರಿಕ ಸರ್ಕಾರ ಅಂದಾಜು ಮಾಡಿತು. ದಂಡದ ಲೆಕ್ಕಕ್ಕಾಗಿ ನ್ಯಾಯಾಲಯವು 2015ರಲ್ಲಿ, ಸಮುದ್ರ ಸೇರಿದ್ದು 31.9 ಲಕ್ಷ ಬ್ಯಾರೆಲ್ ಎಂದು ತೀರ್ಮಾನಿಸಿತು. ತೈಲ ಕಂಪನಿಗಳ ಪರಿಸರ ಹೊಣೆಗಾರಿಕೆಯ ಚರ್ಚೆ ನಡೆದಲ್ಲೆಲ್ಲ ಈ ದುರಂತದ ಪ್ರಸ್ತಾಪ ಬರುತ್ತದೆ, ಮತ್ತು ಬಹಳ ಸಲ ಚರ್ಚೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಬಾವಿಯ ಒಡೆಯನಾದ ಬಿಪಿ ಕಂಪನಿ ಒಟ್ಟು 6,500 ಕೋಟಿ ಡಾಲರ್‌ಗೂ ಹೆಚ್ಚು ತೆತ್ತಿದೆ, ಇದಕ್ಕಿಂತ ಹೆಚ್ಚಿನ ಹೊಣೆ ಯಾರು ಹೊತ್ತಾರು? ಈ ಮಾತನ್ನು ನಾನು ಒಪ್ಪುವುದಿಲ್ಲ. ಹೊಣೆಯ ಪ್ರಶ್ನೆ ಹುಟ್ಟಿದ್ದು ಎಣ್ಣೆ ತೀರಕ್ಕೆ ಬಂದ ಮೇಲಲ್ಲ, ಆ ಸಂಜೆ ಕೆಲವು ಗಂಟೆಗಳ ಕಾಲ ರಿಗ್‌ನ ಮೇಲೆ ನಡೆದ ಒಂದು ಪರೀಕ್ಷೆಯ ಹೊತ್ತಿನಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬಾವಿ ಕೊರೆದು ಮುಗಿದಿತ್ತು. ಸುಮಾರು 5,000 ಅಡಿ ನೀರನ್ನೂ ಅದರ ಕೆಳಗಿನ ನೆಲವನ್ನೂ ದಾಟಿ, ಒಟ್ಟು 18,000 ಅಡಿಗೂ ಮೀರಿದ ಆಳದಲ್ಲಿ ಎಣ್ಣೆ ಸಿಕ್ಕಿತ್ತು. ಉತ್ಪಾದನೆ ಶುರುವಾಗುವುದು ಮುಂದೆಂದೋ. ಸದ್ಯಕ್ಕೆ ಬಾವಿಯನ್ನು ತಾತ್ಕಾಲಿಕವಾಗಿ ಮುಚ್ಚಿ ರಿಗ್ ಬೇರೆಡೆಗೆ ಹೋಗಬೇಕಿತ್ತು. ದಿನಕ್ಕೆ ಸುಮಾರು 5 ಲಕ್ಷ ಡಾಲರ್ ಬಾಡಿಗೆಯ ಆ ರಿಗ್ ತನ್ನ ವೇಳಾಪಟ್ಟಿಗಿಂತ ಆರು ವಾರ ಹಿಂದೆ ಬಿದ್ದಿತ್ತು. ಕೊರೆಯುವಷ್ಟು ಕಾಲವೂ ಬಾವಿಯಲ್ಲಿ ತುಂಬಿರುವ ‘ಮಡ್’ ಎಂಬ ದ್ರವ ನೀರಿಗಿಂತ ಬಹಳ ಭಾರ; ಅದರ ತೂಕವೇ ಕೆಳಗಿನ ಎಣ್ಣೆ ಮತ್ತು ಅನಿಲವನ್ನು ಅದುಮಿ ಹಿಡಿದಿರುತ್ತದೆ. ಹೊರಡುವ ಮೊದಲು ಮೇಲ್ಭಾಗದ ಮಡ್ ತೆಗೆದು ಹಗುರವಾದ ಸಮುದ್ರದ ನೀರು ತುಂಬುತ್ತಾರೆ, ಆಗ ತಳದಲ್ಲಿ ಹಾಕಿದ ಸಿಮೆಂಟ್ ಗಟ್ಟಿಯಾಗಿದ್ದರೆ ಮಾತ್ರ ಬಾವಿ ಸುಮ್ಮನಿರುತ್ತದೆ. ಅದು ಗಟ್ಟಿಯಾಗಿದೆಯೇ ಎಂದು ನೋಡುವುದೇ ನೆಗೆಟಿವ್ ಪ್ರೆಶರ್ ಟೆಸ್ಟ್. ಪೈಪಿನೊಳಗಿನ ಒತ್ತಡವನ್ನು ಸೊನ್ನೆಗೆ ಇಳಿಸಿ, ಮುಚ್ಚಿ, ಕಾಯಬೇಕು. ಒತ್ತಡ ಏಳದಿದ್ದರೆ ಸರಿ; ಎದ್ದರೆ ಕೆಳಗಿನಿಂದ ಏನೋ ಒಳಗೆ ಬರುತ್ತಿದೆ ಎಂದರ್ಥ.

ಆ ಸಂಜೆ ಡ್ರಿಲ್ ಪೈಪಿನ ಒತ್ತಡ ಇಳಿಸಿದಾಗಲೆಲ್ಲ ಮತ್ತೆ ಎದ್ದಿತು, ಕೊನೆಗೆ 1,400 ಪಿಎಸ್‌ಐಯಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ನಿಂತಿತು. ಅಲ್ಲಿದ್ದವರಲ್ಲಿ ಚರ್ಚೆಯಾಯಿತು. ಮೇಲಿನ ಮಡ್‌ನ ಭಾರ ಕೆಳಗಿನ ರಬ್ಬರ್ ತಡೆಯ ಮೇಲೆ ಒತ್ತಿ ಹೀಗೆ ತೋರಿಸುತ್ತಿದೆ ಎಂಬ ವಿವರಣೆಯೊಂದು ಬಂತು. ಮುಂದೆ ತನಿಖೆ ನಡೆಸಿದ ತಜ್ಞರು ಅದನ್ನು ಒಪ್ಪಲಿಲ್ಲ. ಆಮೇಲೆ ‘ಕಿಲ್ ಲೈನ್’ ಎಂಬ ಇನ್ನೊಂದು ಸಣ್ಣ ಪೈಪಿನಲ್ಲಿ ಪರೀಕ್ಷೆ ಮಾಡಿ, ಅಲ್ಲಿ ಏನೂ ಹರಿಯದ್ದನ್ನು ಕಂಡು, ಡ್ರಿಲ್ ಪೈಪಿನಲ್ಲಿ 1,400 ಹಾಗೆಯೇ ಇದ್ದರೂ ಪರೀಕ್ಷೆ ಯಶಸ್ವಿ ಎಂದು ರಾತ್ರಿ 8ರ ಹೊತ್ತಿಗೆ ತೀರ್ಮಾನಿಸಿದರು. ಒಂದೇ ಬಾವಿಗೆ ಇಳಿದ ಎರಡು ಪೈಪುಗಳು ಎರಡು ಉತ್ತರ ಕೊಟ್ಟಾಗ ಬೇಕಾಗಿದ್ದ ಉತ್ತರವನ್ನು ಆರಿಸಿಕೊಂಡದ್ದು ಎಂದೇ ನಾನು ಇದನ್ನು ಓದುತ್ತೇನೆ. ಮಡ್ ತೆಗೆಯುವ ಕೆಲಸ ಮುಂದುವರಿಯಿತು. 9.40ರ ಸುಮಾರಿಗೆ ಮಡ್ ರಿಗ್‌ನ ಮೇಲೆ ಉಕ್ಕಿತು, 9.49ಕ್ಕೆ ಮೊದಲ ಸ್ಫೋಟ.

ಆ ಕಿಲ್ ಲೈನ್ ಏಕೆ ಸುಮ್ಮನಿತ್ತು ಎಂಬುದಕ್ಕೆ ತನಿಖಾ ವರದಿಗಳು ಮುಂದಿಟ್ಟ ಒಂದು ಸಾಧ್ಯತೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಮಡ್ ಮತ್ತು ಸಮುದ್ರದ ನೀರು ಬೆರೆಯದಂತೆ ನಡುವೆ ಹಾಕುವ ದ್ರವವಾಗಿ, ರಿಗ್‌ನಲ್ಲಿ ಉಳಿದಿದ್ದ, ಬಿರುಕು ಮುಚ್ಚಲು ತಯಾರಿಸಿದ್ದ ಮಂದ ಮಿಶ್ರಣವನ್ನು ಬಳಸಿದ್ದರು, ಅದೂ 400 ಬ್ಯಾರೆಲ್‌ಗಿಂತ ಹೆಚ್ಚು. ಬಳಸದೆ ಉಳಿದಿದ್ದರೆ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ದಡಕ್ಕೆ ಸಾಗಿಸಿ ವಿಲೇವಾರಿ ಮಾಡಬೇಕಿತ್ತು. ಒಮ್ಮೆ ಬಾವಿಯೊಳಗೆ ಹಾಯಿಸಿದರೆ ಕಾನೂನಿನ ಪ್ರಕಾರವೇ ಕಡಲಿಗೆ ಚೆಲ್ಲಬಹುದಿತ್ತು. ಆ ಮಂದ ಮಿಶ್ರಣವೇ ಕಿಲ್ ಲೈನ್‌ನಲ್ಲಿ ಕಟ್ಟಿಕೊಂಡು ಸುಳ್ಳು ಸೊನ್ನೆಯನ್ನು ತೋರಿಸಿರಬಹುದು. ಪರಿಸರ ನಿಯಮದ ಖರ್ಚನ್ನು ತಪ್ಪಿಸಿಕೊಳ್ಳುವ ಯತ್ನ ಮತ್ತು ಕಾರ್ಮಿಕರ ಪ್ರಾಣ ಉಳಿಸಬೇಕಿದ್ದ ಪರೀಕ್ಷೆ, ಎರಡೂ ಒಂದೇ ಪೈಪಿನಲ್ಲಿ ಎದುರಾದವು. ಕಾರ್ಮಿಕರ ಸುರಕ್ಷತೆಯೇ ಬೇರೆ, ಕಡಲಿನ ರಕ್ಷಣೆಯೇ ಬೇರೆ ಎಂದು ಎರಡು ಇಲಾಖೆಗಳನ್ನಾಗಿ ನೋಡುವವರಿಗೆ ನಾನು ಮೊದಲು ತೋರಿಸುವುದು ಈ ಸಂಗತಿಯನ್ನೇ.

ಇದಕ್ಕೆ ಮುಂಚಿನ ತೀರ್ಮಾನಗಳೂ ಒಂದಕ್ಕೊಂದು ಹೊಂದುತ್ತವೆ. ಕೊಳವೆಯನ್ನು ಬಾವಿಯ ನಡುವೆ ನಿಲ್ಲಿಸುವ ಸೆಂಟ್ರಲೈಜರ್‌ಗಳು 21 ಇರಲಿ ಎಂದು ಸಿಮೆಂಟ್ ಗುತ್ತಿಗೆ ಪಡೆದಿದ್ದ ಹ್ಯಾಲಿಬರ್ಟನ್ ಹೇಳಿದ್ದರೂ ಬಳಸಿದ್ದು 6. ಸಿಮೆಂಟ್ ಮಿಶ್ರಣ ಸ್ಥಿರವಾಗಿಲ್ಲ ಎಂಬ ಸೂಚನೆ ಆ ಗುತ್ತಿಗೆದಾರರದೇ ಪ್ರಯೋಗಾಲಯದಲ್ಲಿ ಮೊದಲೇ ಸಿಕ್ಕಿತ್ತು. ಸಿಮೆಂಟ್ ಅಂಟಿರುವುದನ್ನು ಅಳೆಯಲು ಬಂದಿದ್ದ ತಂಡವನ್ನು ಅದೇ ದಿನ ಬೆಳಿಗ್ಗೆ, ಅಳತೆ ಮಾಡಿಸದೆಯೇ ವಾಪಸು ಕಳಿಸಿದರು. ಒಂದೊಂದು ತೀರ್ಮಾನವೂ ಸ್ವಲ್ಪ ಹೊತ್ತು, ಸ್ವಲ್ಪ ಹಣ ಉಳಿಸುವಂಥದ್ದು. ಸಮುದ್ರತಳದಲ್ಲಿ ಕೊನೆಯ ರಕ್ಷಣೆಯಾಗಿ ಕುಳಿತಿದ್ದ ಬ್ಲೋಔಟ್ ಪ್ರಿವೆಂಟರ್‌ನಲ್ಲಿ ಪೈಪನ್ನು ಕತ್ತರಿಸಿ ಬಾವಿ ಮುಚ್ಚಬಲ್ಲ ಬ್ಲೈಂಡ್ ಶಿಯರ್ ರ‍್ಯಾಮ್ ಇದ್ದದ್ದು ಒಂದೇ; ಬಾಗಿ ಪಕ್ಕಕ್ಕೆ ಸರಿದಿದ್ದ ಪೈಪನ್ನು ಅದು ಪೂರ್ತಿ ಕತ್ತರಿಸಲಿಲ್ಲ, ನಿಯಂತ್ರಣ ಪೆಟ್ಟಿಗೆಯಲ್ಲಿ ತಂತಿಗಳನ್ನು ತಪ್ಪಾಗಿ ಜೋಡಿಸಿದ್ದೂ ಆಮೇಲೆ ಹೊರಬಂತು. ಆ ಹಗಲು ಕಂಪನಿಗಳ ಹಿರಿಯ ಅಧಿಕಾರಿಗಳು ರಿಗ್‌ಗೆ ಬಂದಿದ್ದರು. ಕೆಲಸ ತಪ್ಪುವಂಥ ಗಾಯ ಯಾರಿಗೂ ಆಗದೆ ಏಳು ವರ್ಷ ಕಳೆದದ್ದಕ್ಕೆ ಸಿಬ್ಬಂದಿಯನ್ನು ಅಭಿನಂದಿಸುವುದೂ ಆ ಭೇಟಿಯ ಭಾಗವಾಗಿತ್ತು. ಜಾರಿ ಬೀಳುವುದನ್ನು, ಕೈಬೆರಳು ಜಜ್ಜಿಕೊಳ್ಳುವುದನ್ನು ಎಣಿಸುವ ಲೆಕ್ಕದಿಂದ ಬಾವಿ ಸಿಡಿಯುವ ಅಪಾಯ ತಿಳಿಯುವುದಿಲ್ಲ ಎಂಬ ಪಾಠ ಬಿಪಿಗೆ ಹೊಸದೇನೂ ಆಗಿರಲಿಲ್ಲ. 2005ರಲ್ಲಿ ಅದರ ಟೆಕ್ಸಾಸ್ ಸಿಟಿ ಸಂಸ್ಕರಣಾಗಾರದಲ್ಲಿ 15 ಮಂದಿ ಸತ್ತ ಮೇಲೆ ಬಂದ ವರದಿಗಳು ಅದನ್ನೇ ಹೇಳಿದ್ದವು.

ಇನ್ನು ದಂಡದ ಮಾತು. 2012ರಲ್ಲಿ ಕಂಪನಿ 11 ಸಾವುಗಳಿಗೆ ಸಂಬಂಧಿಸಿದ ಅಪರಾಧಗಳನ್ನೂ, ಹರಿವಿನ ಪ್ರಮಾಣದ ಬಗ್ಗೆ ಅಮೆರಿಕದ ಸಂಸತ್ತಿಗೆ ಅಡ್ಡಿಪಡಿಸಿದ ಅಪರಾಧವನ್ನೂ ಒಪ್ಪಿಕೊಂಡಿತು. 2014ರಲ್ಲಿ ನ್ಯಾಯಾಧೀಶ ಕಾರ್ಲ್ ಬಾರ್ಬಿಯರ್, ಬಿಪಿಯದು ಘೋರ ನಿರ್ಲಕ್ಷ್ಯವೆಂದು ತೀರ್ಪಿತ್ತು, ತಪ್ಪಿನ ಪಾಲನ್ನು ಬಿಪಿಗೆ ಶೇಕಡಾ 67, ರಿಗ್‌ನ ಒಡೆಯರಾದ ಟ್ರಾನ್ಸ್‌ಓಷನ್‌ಗೆ 30, ಹ್ಯಾಲಿಬರ್ಟನ್‌ಗೆ 3 ಎಂದು ಹಂಚಿದರು. 2015ರ ಒಪ್ಪಂದದ ಮೊತ್ತ 2,080 ಕೋಟಿ ಡಾಲರ್. ಆದರೆ ಅದರಲ್ಲಿ ಜಲಶುದ್ಧಿ ಕಾನೂನಿನ ದಂಡವೆಂದು ಗುರುತಿಸಿದ್ದು 550 ಕೋಟಿ ಮಾತ್ರ; ಉಳಿದದ್ದರಲ್ಲಿ ಬಹುಪಾಲನ್ನು ವ್ಯವಹಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯುವ ದಾರಿ ತೆರೆದೇ ಇತ್ತು. ಸ್ಥಳದಲ್ಲಿದ್ದ ಮೇಲ್ವಿಚಾರಕರ ಮೇಲಿನ ನರಹತ್ಯೆಯ ಆರೋಪಗಳನ್ನು ಸರ್ಕಾರವೇ ಕೈಬಿಟ್ಟಿತು, ಆ ಸಾವುಗಳಿಗಾಗಿ ಯಾರೂ ಜೈಲಿಗೆ ಹೋಗಲಿಲ್ಲ. ಹಣ ತೀರಕ್ಕೆ ಬಂದದ್ದು ನಿಜ, ಅದರಿಂದ ಜೌಗು ನೆಲಗಳ ಪುನರುಜ್ಜೀವನ ನಡೆದದ್ದೂ ನಿಜ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಲೂಯಿಸಿಯಾನ ತೀರದ ಬರಟೇರಿಯ ಕೊಲ್ಲಿಯ ಡಾಲ್ಫಿನ್‌ಗಳಲ್ಲಿ ಶ್ವಾಸಕೋಶದ ರೋಗ ಮತ್ತು ಮರಿ ಉಳಿಯದ ಸಮಸ್ಯೆ ವರ್ಷಗಟ್ಟಲೆ ಮುಂದುವರಿದದ್ದನ್ನು ಯಾವ ಒಪ್ಪಂದವೂ ಹಿಂದಕ್ಕೆ ತಿರುಗಿಸಲಾರದು.

ಹಾಗಾದರೆ ಆ ಸಂಜೆ 1,400 ಎಂಬ ಅಂಕಿಯನ್ನು ನೋಡಿ ‘ನಿಲ್ಲಿಸಿ’ ಎನ್ನಬೇಕಾದವರು ಯಾರು? ಕಂಪನಿಯ ಒಳಗಿನವರು ಹೇಳದಿದ್ದಾಗ ಹೊರಗಿನ ನಿಯಂತ್ರಕರ ನಿಯಮ ಹೇಳಬೇಕಿತ್ತು. ನೆಗೆಟಿವ್ ಪ್ರೆಶರ್ ಟೆಸ್ಟ್ ಮಾಡಲೇಬೇಕು, ಹೀಗೆಯೇ ಮಾಡಬೇಕು, ಹೀಗೆ ಅರ್ಥೈಸಬೇಕು ಎಂಬ ನಿಯಮವೇ ಆಗ ಅಮೆರಿಕದಲ್ಲಿ ಇರಲಿಲ್ಲ. ಮಿನರಲ್ಸ್ ಮ್ಯಾನೇಜ್‌ಮೆಂಟ್ ಸರ್ವಿಸ್ ಎಂಬ ಒಂದೇ ಸಂಸ್ಥೆ ಕಡಲಪ್ರದೇಶವನ್ನು ಗುತ್ತಿಗೆಗೆ ಕೊಡುತ್ತಿತ್ತು, ಎಣ್ಣೆಯ ರಾಯಧನ ವಸೂಲಿ ಮಾಡುತ್ತಿತ್ತು, ಸುರಕ್ಷತೆಯನ್ನೂ ನೋಡುತ್ತಿತ್ತು. ಅದು ಪರಿಶೀಲಿಸಬೇಕಿದ್ದ, ಎಣ್ಣೆ ಸೋರಿದರೆ ಏನು ಮಾಡಬೇಕೆಂಬ ಬಿಪಿಯ ಯೋಜನೆಯಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ ಇಲ್ಲವೇ ಇಲ್ಲದ ವಾಲ್‌ರಸ್‌ಗಳ ರಕ್ಷಣೆಯ ಪ್ರಸ್ತಾಪವಿತ್ತು. ಆರ್ಕ್ಟಿಕ್‌ಗೆ ಬರೆದ ಪುಟಗಳನ್ನು ಇಲ್ಲಿಗೆ ಅಂಟಿಸಿದ್ದನ್ನು ಯಾರೂ ಓದಿ ತಡೆಯಲಿಲ್ಲ. ದುರಂತದ ಮೇಲೆ ಆ ಸಂಸ್ಥೆಯನ್ನು ಒಡೆದು ಗುತ್ತಿಗೆ, ಆದಾಯ, ಸುರಕ್ಷತೆ ಮೂರನ್ನೂ ಬೇರೆ ಬೇರೆ ಮಾಡಿದರು.

ಇಷ್ಟಕ್ಕೂ ಈ ಪಾಠ ಇಪ್ಪತ್ತು ವರ್ಷ ಮೊದಲೇ ಲಿಖಿತ ರೂಪದಲ್ಲಿತ್ತು. 1988ರ ಜುಲೈ 6ರಂದು ಉತ್ತರ ಸಮುದ್ರದಲ್ಲಿ ಬ್ರಿಟನ್ನಿನ ಪಾಲಿನ ಕಡಲಿನಲ್ಲಿ ಎಣ್ಣೆ ತೆಗೆಯುತ್ತಿದ್ದ ಪೈಪರ್ ಆಲ್ಫಾ ವೇದಿಕೆಯಲ್ಲಿ, ದುರಸ್ತಿಗಾಗಿ ಸುರಕ್ಷತಾ ಕವಾಟ ತೆಗೆದಿದ್ದ ಪಂಪನ್ನು ಪಾಳಿ ಬದಲಾದ ಮೇಲೆ ಅರಿಯದೆ ಚಾಲೂ ಮಾಡಿದ್ದರಿಂದ ಅನಿಲ ಸೋರಿ, ಬೆಂಕಿ ಹತ್ತಿ, 167 ಮಂದಿ ಸತ್ತರು. ಅದರ ತನಿಖೆ ನಡೆಸಿದ ನ್ಯಾಯಾಧೀಶ ಲಾರ್ಡ್ ಕಲ್ಲನ್ ಅವರ 1990ರ ವರದಿ 106 ಶಿಫಾರಸುಗಳನ್ನು ಮಾಡಿತು. ನನಗೆ ಮುಖ್ಯವೆನಿಸುವವು ಎರಡು: ತನ್ನ ವೇದಿಕೆ ಸುರಕ್ಷಿತವೆಂದು ಕಂಪನಿಯೇ ಸಾಕ್ಷ್ಯಸಮೇತ ಸಾಬೀತುಪಡಿಸಬೇಕು, ಮತ್ತು ಸುರಕ್ಷತೆಯ ಉಸ್ತುವಾರಿ ಎಣ್ಣೆ ತೆಗೆಸುವ ಇಂಧನ ಇಲಾಖೆಯ ಕೈಯಿಂದ ಬೇರೆ ಸಂಸ್ಥೆಗೆ ಹೋಗಬೇಕು. ಬ್ರಿಟನ್ ಎರಡನ್ನೂ ಜಾರಿಗೆ ತಂದಿತು.

ಈಗ ನಮ್ಮ ದೇಶವನ್ನು ನೋಡೋಣ. ಭಾರತದಲ್ಲಿ ಕಡಲಿನ ಎಣ್ಣೆ ಕೆಲಸಕ್ಕೆ 2008ರ ಸುರಕ್ಷತಾ ನಿಯಮಗಳಿವೆ, ಅವುಗಳನ್ನು ಜಾರಿ ಮಾಡುವ ಅಧಿಕಾರ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ್ದು. ಈ ನಿರ್ದೇಶನಾಲಯ ಇರುವುದು ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲಿ. ಮುಂಬೈ ತೀರದಾಚೆಯ ಮುಂಬೈ ಹೈ ಎಣ್ಣೆಕ್ಷೇತ್ರದಲ್ಲಿ ಎಣ್ಣೆ ತೆಗೆಯುವ ಸರ್ಕಾರಿ ಕಂಪನಿ ಒಎನ್‌ಜಿಸಿಯ ಆಡಳಿತವೂ ಅದೇ ಸಚಿವಾಲಯದ್ದು. ನಿರ್ದೇಶನಾಲಯದ ತಜ್ಞರು ತೈಲ ಕಂಪನಿಗಳಿಂದಲೇ ನಿಯೋಜನೆಯ ಮೇಲೆ ಬರುತ್ತಾರೆ. ಅವರಲ್ಲಿ ಪರಿಣತರೂ ಪ್ರಾಮಾಣಿಕರೂ ಇದ್ದಾರೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ನಾಳೆ ಮರಳಿ ಹೋಗಬೇಕಾದ ಕಂಪನಿಯ ಕೆಲಸವನ್ನು ಇವತ್ತು ನಿಲ್ಲಿಸು ಎಂದು ಒಬ್ಬ ಅಧಿಕಾರಿಯನ್ನು ಕೇಳುವುದು ವ್ಯವಸ್ಥೆಯ ದೋಷ.

ಇಲ್ಲಿಯೂ ಸಾವುಗಳಾಗಿವೆ. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್‌ನಲ್ಲಿ, ಗಾಯಗೊಂಡ ಒಬ್ಬರನ್ನು ಸಾಗಿಸಲು ಬಂದ ನೌಕೆ ವೇದಿಕೆಯಿಂದ ಕಡಲತಳಕ್ಕೆ ಇಳಿದ ಅನಿಲದ ಕೊಳವೆಯಾದ ರೈಸರ್‌ಗೆ ಬಡಿದು ಬೆಂಕಿ ಹತ್ತಿತು. ಎರಡು ಗಂಟೆಗಳಲ್ಲಿ ವೇದಿಕೆಯೇ ನಾಶವಾಯಿತು, 22 ಮಂದಿ ಪ್ರಾಣ ಕಳೆದುಕೊಂಡರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿದ್ದರೂ, ಮುಂಬೈ ತೀರದಾಚೆಯ ಎಣ್ಣೆಕ್ಷೇತ್ರದಲ್ಲಿ ಕೆಲಸದಲ್ಲಿದ್ದ ಪಿ-305 ಬಾರ್ಜ್ (ಕಾರ್ಮಿಕರು ತಂಗುವ ಚಪ್ಪಟೆ ನೌಕೆ) ಸುರಕ್ಷಿತ ಬಂದರಿಗೆ ಮರಳದೆ ಮುಳುಗಿ 70ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬಾರ್ಜ್‌ನ ಒಡೆಯರು ಒಬ್ಬರು, ಗುತ್ತಿಗೆದಾರರು ಇನ್ನೊಬ್ಬರು, ಕೆಲಸ ಕೊಟ್ಟವರು ಮತ್ತೊಬ್ಬರು. ಮಕಾಂಡೊದಲ್ಲಿ ಮೂರು ಕಂಪನಿಗಳು ಪರಸ್ಪರ ಬೆರಳು ತೋರಿಸಿದ್ದನ್ನು ಓದಿದವರಿಗೆ ಈ ಸರಪಳಿ ಗುರುತು ಸಿಗುತ್ತದೆ.

ಪರಿಹಾರದ ತತ್ವದಲ್ಲಿ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ ಎಂಬುದನ್ನೂ ಹೇಳಬೇಕು. 1990ರ ಕಾನೂನಿನಂತೆ ಅಲ್ಲಿ ಸೋರಿಕೆಯ ನಷ್ಟ ತುಂಬಿಕೊಡುವ ಹೊಣೆಗೆ 7.5 ಕೋಟಿ ಡಾಲರ್ ಮಿತಿಯಿತ್ತು. ಘೋರ ನಿರ್ಲಕ್ಷ್ಯಕ್ಕೆ ಆ ಮಿತಿ ಅನ್ವಯಿಸದು, ಬಿಪಿ ತಾನಾಗಿಯೇ ಅದನ್ನು ಬಿಟ್ಟುಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟ್ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, ಅಪಾಯಕಾರಿ ಉದ್ಯಮದ ಹೊಣೆ ಸಂಪೂರ್ಣವಾದದ್ದು, ಪರಿಹಾರವು ಉದ್ಯಮದ ಗಾತ್ರಕ್ಕೆ ತಕ್ಕಂತೆ ಇರಬೇಕು ಎಂದು 1986ರಲ್ಲೇ ಹೇಳಿತು. ಆದರೆ ಸರ್ಕಾರಿ ಕಂಪನಿಯ ಮೇಲೆ ಸರ್ಕಾರ ದಂಡ ಹಾಕಿದರೆ ಬಹುಪಾಲು ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ. ದಂಡದ ಭಯದಿಂದಲೇ ಸುರಕ್ಷತೆ ಬರುತ್ತದೆ ಎಂಬ ವಾದ ಅಮೆರಿಕದಲ್ಲಿ ಅರ್ಧ ನಿಜವಾದರೆ, ಇಲ್ಲಿ ಅಷ್ಟೂ ನಿಜವಲ್ಲ. ಅದಕ್ಕೇ ಸ್ವತಂತ್ರ ನಿಯಂತ್ರಕರು ನಮಗೆ ಹೆಚ್ಚು ಬೇಕು.

ಪೆಟ್ರೋಲ್ ಸುಡುವವರಿಗೆ ಇದನ್ನೆಲ್ಲ ಕೇಳುವ ಹಕ್ಕಿಲ್ಲ ಎಂಬ ಮಾತು ಆಗಾಗ ಬರುತ್ತದೆ. ಎಣ್ಣೆ ನಾಳೆಯೇ ಬೇಡವೆಂದು ನಾನು ಹೇಳುತ್ತಿಲ್ಲ, ದೇಶ ಬಳಸುವ ಕಚ್ಚಾ ತೈಲದ ಬಹುಪಾಲು ಆಮದು ಎಂಬುದೂ ಗೊತ್ತಿದೆ. ಬಳಸುವವರ ಪಾಲು ಹವಾಮಾನದ ಹೊಣೆಯಲ್ಲಿ ಖಂಡಿತ ಇದೆ. 1,400 ಪಿಎಸ್‌ಐಯನ್ನು ಸೊನ್ನೆಯೆಂದು ಓದಿದ್ದರಲ್ಲಿ ಬಳಕೆದಾರರ ಪಾಲು ಯಾವುದೂ ಇಲ್ಲ.

ನಮ್ಮ ಕರಾವಳಿಯಲ್ಲಿ ಎಣ್ಣೆ ಬಾವಿಗಳಿಲ್ಲದಿದ್ದರೂ ಒಎನ್‌ಜಿಸಿಯ ಅಂಗಸಂಸ್ಥೆಯಾದ ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಮಂಗಳೂರಿನ ಕಡಲಿನ ಮೇಲೆಯೇ ಬರುತ್ತದೆ, ದೇಶದ ತುರ್ತು ತೈಲ ಸಂಗ್ರಹದ ಗುಹೆಗಳು ಮಂಗಳೂರಿನಲ್ಲೂ ಪಾದೂರಿನಲ್ಲೂ ಇವೆ. ಅರಬ್ಬಿ ಸಮುದ್ರದ ನಿಯಂತ್ರಕರು ಯಾರು ಎಂಬುದು ಮಲ್ಪೆಯ ಮೀನುಗಾರರಿಗೂ ಸಂಬಂಧಿಸಿದ ವಿಷಯ. ಆದ್ದರಿಂದ ನನ್ನ ಬೇಡಿಕೆ ಎರಡು. ಸುರಕ್ಷತಾ ನಿರ್ದೇಶನಾಲಯವನ್ನು ಪೆಟ್ರೋಲಿಯಂ ಸಚಿವಾಲಯದಿಂದ ಹೊರತಂದು, ತನ್ನದೇ ಕಾಯಂ ತಜ್ಞರಿರುವ, ಸಂಸತ್ತಿಗೆ ಉತ್ತರ ಕೊಡುವ ಸಂಸ್ಥೆಯಾಗಿಸಬೇಕು. ಯಾವುದೇ ಬಾವಿಯ ಕೆಲಸವನ್ನು ಆ ಕ್ಷಣವೇ ನಿಲ್ಲಿಸುವ ಅಧಿಕಾರ ಅದಕ್ಕೆ ಕಾನೂನಿನಲ್ಲೇ ಇರಬೇಕು. ಎರಡನೆಯದಾಗಿ, ಕಡಲಿನಲ್ಲಿ ನಡೆಯುವ ಪ್ರತಿ ದೊಡ್ಡ ಅವಘಡದ ತನಿಖಾ ವರದಿಯನ್ನು, ಮಕಾಂಡೊದ ವರದಿಗಳನ್ನು ಇವತ್ತು ಯಾರು ಬೇಕಾದರೂ ಓದಬಹುದಾದ ಹಾಗೆ, ಪೂರ್ತಿಯಾಗಿ ಪ್ರಕಟಿಸಬೇಕು, ತೀರದ ಜನರು ಓದಬಲ್ಲ ಕನ್ನಡ, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಲ್ಲೂ.