ತೋಟ ಇದ್ದವರಿಗೆ ಕೃಷಿ ಡಿಗ್ರಿ ಯಾಕೆ?

ನಾನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಅಗ್ರಿ ಬಿಸಿನೆಸ್, ಅಂದರೆ ಕೃಷಿ ವ್ಯಾಪಾರ ಓದಿದೆ. ಊರು ಕೊಡಗಿನ ವಿರಾಜಪೇಟೆ ಕಡೆ, ಮನೆಯಲ್ಲಿ ರೋಬಸ್ಟಾ ಕಾಫಿ ತೋಟ. ಮದುವೆ ಮನೆಗೆ ಹೋದರೂ ಸಂತೆಗೆ ಹೋದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ತೋಟ ಇದೆಯಲ್ಲ, ಅದಕ್ಕೊಂದು ಡಿಗ್ರಿ ಬೇರೆ ಬೇಕಿತ್ತಾ? ನಿಮ್ಮಪ್ಪ ಯಾವ ಡಿಗ್ರಿ ಮಾಡಿದ್ರು?"

ಅಪ್ಪ ಡಿಗ್ರಿ ಮಾಡಿಲ್ಲ, ನಿಜ. ಕಾಫಿ ಬೆಳೆಯುವ ವಿಷಯದಲ್ಲಿ ಈಗಲೂ ಅವರೇ ಮುಂದೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಯಾವಾಗ ಸ್ಪ್ರಿಂಕ್ಲರ್ ಹಾಕಬೇಕು, ನೆರಳು ಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗ ಎಷ್ಟು ನೆರಳು ಬಿಡಬೇಕು, ಯಾವ ಮೂಲೆಯ ಮೆಣಸಿನ ಬಳ್ಳಿಗೆ ಮೊದಲು ಸೊರಗು ರೋಗ ಬರುತ್ತದೆ, ಇದನ್ನೆಲ್ಲ ಕ್ಲಾಸಲ್ಲಿ ಕೂತು ಕಲಿಯಲು ಆಗುವುದಿಲ್ಲ. ಪಾಠದಲ್ಲಿ ಕಾಫಿ ಬರುವುದೇ ಬೇರೆ ಬೆಳೆಗಳ ಜೊತೆಗೆ, ಸ್ವಲ್ಪ. ಸಂಶಯ ಬಂದರೆ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬರೀ ಬೆಳೆಯುವುದಕ್ಕಾದರೆ ಡಿಗ್ರಿ ಬೇಡ ಅಂತಲೇ ನಾನೂ ಹೇಳುತ್ತೇನೆ.

ಆದರೆ ಅಪ್ಪ ತೋಟಕ್ಕಿಳಿದ ಕಾಲದಲ್ಲಿ ಮಾರುವ ತಲೆನೋವು ಇರಲಿಲ್ಲ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಟ್ಟು ದಾಸ್ತಾನಿಗೆ ಹಾಕಬೇಕಿತ್ತು. ಮಾರುವುದು ಬೋರ್ಡಿನ ಕೆಲಸ, ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1992ರಿಂದ ಇದನ್ನು ಸಡಿಲ ಮಾಡುತ್ತಾ ಬಂದು 1996ರಲ್ಲಿ ಪೂರ್ತಿ ಮುಕ್ತ ಮಾರುಕಟ್ಟೆ ಆಯಿತು. ಆಮೇಲೆ ಬೆಳೆಗಾರನೇ ವ್ಯಾಪಾರಿಯೂ ಆಗಬೇಕಾಯಿತು. ಆ ವ್ಯಾಪಾರವನ್ನು ಮನೆಯಲ್ಲಿ ಕಲಿಸುವವರು ಯಾರೂ ಇರಲಿಲ್ಲ. ನಾನು ಓದಲು ಹೋದದ್ದು ಅದಕ್ಕೆ.

ಔಟ್‌ಟರ್ನ್ ತಗೊಳ್ಳಿ. ನಮ್ಮ ಕಡೆ ಎಲ್ಲರೂ ಓಟಿ ಅನ್ನುತ್ತಾರೆ. ಐವತ್ತು ಕಿಲೋ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಎಷ್ಟು ಕಿಲೋ ಬೇಳೆ, ಅಂದರೆ ಸಿಪ್ಪೆ ತೆಗೆದ ಕಾಫಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಬೇಳೆಗೆ ಕಿಲೋಗೆ 400 ರೂಪಾಯಿ ಅಂತ ಇಟ್ಟುಕೊಳ್ಳೋಣ. ಓಟಿ 28 ಬಂದರೆ ಚೀಲಕ್ಕೆ 11,200. 26 ಅಂದರೆ 10,400. ನೂರು ಚೀಲಕ್ಕೆ ಎಂಬತ್ತು ಸಾವಿರ ವ್ಯತ್ಯಾಸ! ಎಷ್ಟೋ ಮನೆಗಳಲ್ಲಿ ಇಂದಿನ ದರ ಎಷ್ಟು ಅಂತ ಕೇಳುತ್ತಾರೆ, ಓಟಿ ಮಾತ್ರ ವ್ಯಾಪಾರಿ ಹೇಳಿದ್ದೇ ಕೊನೆ. ನಾನು ಚೀಲಗಳಿಂದ ಸ್ಯಾಂಪಲ್ ತೆಗೆದು, ತೇವಾಂಶ ನೋಡಿ, ಹಲ್ಲಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ) ತೂಕ ಬರೆದಿಟ್ಟುಕೊಂಡೇ ಮಾತಿಗೆ ಕೂರುತ್ತೇನೆ.

ಇನ್ನು ದರ. ರೋಬಸ್ಟಾ ದರ ಹುಟ್ಟುವುದು ಲಂಡನ್ನಿನ ಸರಕು ಮಾರುಕಟ್ಟೆಯಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಇನ್ನೊಂದು ಜಾತಿಯ ಕಾಫಿ ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿತ್ತು, ಲಂಡನ್ ದರ 5,000 ಡಾಲರ್ ದಾಟಿತು, ಇಲ್ಲಿ ಚೆರ್ರಿ ಚೀಲ ಹತ್ತು ಸಾವಿರ ದಾಟಿತು. ನಮ್ಮಲ್ಲಿ ಮಳೆ ಚೆನ್ನಾಗಾಗಿದ್ದರೂ ಬ್ರೆಜಿಲ್ಲಿನ ಫಸಲಿನಿಂದ ದರ ಬೀಳಬಹುದು. ಇದನ್ನು ಓದಿದವರು ಭವಿಷ್ಯ ಹೇಳುತ್ತಾರೆ ಅಂತಲ್ಲ. ಒಂದು ಎಕರೆಗೆ ನಮಗೆ ಬಿದ್ದ ಖರ್ಚು ಎಷ್ಟು ಅಂತ ಗೊತ್ತಿದ್ದರೆ ಎಷ್ಟು ಚೀಲ ಈಗ ಕೊಡಬೇಕು, ಎಷ್ಟು ಗೋಡೌನಿನಲ್ಲಿ ಇಡಬೇಕು ಅಂತ ಗಾಬರಿಯಿಲ್ಲದೆ ತೀರ್ಮಾನ ಮಾಡಬಹುದು, ಅಷ್ಟೇ.

ಈಗ ಕಾಗದದ ಕೆಲಸವೂ ಜಾಸ್ತಿ ಆಗಿದೆ. ಯುರೋಪಿಯನ್ ಯೂನಿಯನ್ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಯಾವ ತೋಟದ್ದು ಅಂತ ನಕ್ಷೆಯ ಗುರುತಿನ ಸಮೇತ ತೋರಿಸಬೇಕು. ಜಾರಿಯನ್ನು ಮುಂದೂಡಿದ್ದಾರೆ, ಆದರೂ ನಮ್ಮ ಕಾಫಿಗೆ ಇಟಲಿ, ಜರ್ಮನಿಯೇ ದೊಡ್ಡ ಗಿರಾಕಿಗಳು. ಜಮ್ಮಾ ಜಾಗದ (ಕೊಡಗಿನಲ್ಲಿ ಮನೆತನಕ್ಕೆ ಪರಂಪರೆಯಿಂದ ಬಂದ ಜಮೀನು) ಆರ್‌ಟಿಸಿಯಲ್ಲಿ ಇಡೀ ಮನೆತನದ ಹೆಸರಿರುವ ನಮ್ಮಂಥವರಿಗೆ ಇದು ಸಣ್ಣ ಕೆಲಸವಲ್ಲ.

ಡಿಗ್ರಿ ಕಲಿಸದ್ದೂ ಇದೆ. ಕುಯ್ಲಿನ ಸಮಯದಲ್ಲಿ ಕೆಲಸದವರಿರುವ ಲೈನ್ ಮನೆ ಖಾಲಿಯಾದರೆ ಏನು ಮಾಡಬೇಕು ಅಂತ ಯಾವ ಪಠ್ಯದಲ್ಲೂ ಇಲ್ಲ. ಡ್ರೋನಿನಿಂದ ಔಷಧಿ ಹೊಡೆಯಬಹುದಲ್ಲ ಅಂತ ಕೇಳುವವರಿಗೆ, ಮೊದಲು ಕಾಫಿ ಗಿಡಗಳ ಮೇಲೆ ಹರಡಿರುವ ನಮ್ಮ ತೋಟದ ನೆರಳು ಮರಗಳನ್ನು ನೋಡಿ ಅನ್ನುತ್ತೇನೆ.

"ಹಾಗಾದರೆ ನಮ್ಮ ಮಗಳನ್ನ ಕಳಿಸಬಹುದಾ?" ಅಂತ ಕೇಳುವವರೂ ಇದ್ದಾರೆ. ಕಳಿಸಿ. ಯಂತ್ರ, ನೀರಾವರಿ ಇಷ್ಟವಿದ್ದರೆ ಅಗ್ರಿ ಎಂಜಿನಿಯರಿಂಗ್. ಮಣ್ಣು, ಕೀಟ, ರೋಗ ಇಷ್ಟವಿದ್ದರೆ ಬಿಎಸ್ಸಿ ಅಗ್ರಿ. ಕಾಡಿನ ಮೇಲೆ ಮನಸ್ಸಿದ್ದರೆ ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜಿದೆ. ಲೆಕ್ಕ, ಮಾತು, ಮಾರಾಟ ಬರುತ್ತದೆ ಅನ್ನಿಸಿದರೆ ಮಾತ್ರ ನನ್ನ ದಾರಿ. ಪಿಯುಸಿ ಸೈನ್ಸ್ ಆಗಿರಬೇಕು, ಸಿಇಟಿ ಬರೆಯಬೇಕು. ರೈತರ ಮಕ್ಕಳ ಕೋಟಾ ಬೇಕೆಂದರೆ ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಸಲಕರಣೆ ತೋರಿಸಿ ಹೆಸರು ಕೇಳುತ್ತಾರೆ. ಕಾಫಿ ಗಿಡದ ನಡುವೆಯೇ ಬೆಳೆದ ನಮ್ಮ ಮಕ್ಕಳು ಜೋಳ, ತೊಗರಿ ಅಂದರೆ ಕಣ್ಣು ಕಣ್ಣು ಬಿಡುತ್ತಾರೆ. ಪರೀಕ್ಷೆಗೆ ಮೊದಲು ಪಿರಿಯಾಪಟ್ಟಣದ ಕಡೆಗೊಮ್ಮೆ ಕರೆದುಕೊಂಡು ಹೋಗಿ ನಾಲ್ಕು ಹೊಲ ತೋರಿಸಿ.