‘ಒಂಥರಾ ಐತಿ’ ಅಂದ್ರೆ ಏನು? ಗೇಮ್ ಪಾತ್ರಗಳ ಮೈಮಾಟ ಮತ್ತು ನೋಡುವವರ ಪ್ರತಿಕ್ರಿಯೆ

ಬರಿಮೈಯಲ್ಲಿರುವ ಗಂಡು ಪಾತ್ರ ಬೇರೆ, ಮಾದಕವಾಗಿ ತೋರಿಸಿದ ಗಂಡು ಪಾತ್ರ ಬೇರೆ. ಗೇಮ್ ಪಾತ್ರಗಳ ಕೆಲಸಕ್ಕೆ ಬರುವ ಹೊಸಬರು ಮೊದಲು ಎಡವುವುದೇ ಇಲ್ಲಿ. ‘ಗಾಡ್ ಆಫ್ ವಾರ್ ಗೇಮಿನ ನಾಯಕ ಕ್ರೇಟೋಸ್ ಅಂಗೀನೇ ಹಾಕಲ್ಲ, ಅದಕ್ಕೆ ಯಾರೂ ತಕರಾರು ತೆಗೆಯಲ್ಲ, ಹೆಣ್ಣು ಪಾತ್ರಕ್ಕೆ ಮಾತ್ರ ಯಾಕೆ?’ ಎಂಬ ಪ್ರಶ್ನೆ ಪ್ರತಿ ಮೀಟಿಂಗಿನಲ್ಲೂ ಏಳುತ್ತದೆ. ಆ ಗೇಮ್ 2005ರಲ್ಲಿ ಬಂದಾಗಲೇ ಕ್ರೇಟೋಸನ ಎದೆ ತೆರೆದೇ ಇತ್ತು, ನಿಜ. ಆದರೆ ಆ ಎದೆ ಇರುವುದು ಆಡುವವನು ‘ನಾನೂ ಹೀಗಿದ್ದಿದ್ದರೆ’ ಅಂದುಕೊಳ್ಳಲಿ ಎಂದು. ‘ಇವನು ನನಗೆ ಸಿಕ್ಕಿದ್ದರೆ’ ಅಂದುಕೊಳ್ಳಲಿ ಎಂದಲ್ಲ. ಒಂದು ಆಗುವ ಆಸೆ, ಇನ್ನೊಂದು ಪಡೆಯುವ ಆಸೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದರೆ ಲೆಕ್ಕ ತಪ್ಪುತ್ತದೆ.

ದಾವಣಗೆರೆಯಲ್ಲಿ ಇದನ್ನು ಅರ್ಥ ಮಾಡಿಸುವುದು ಸುಲಭ. ಇಲ್ಲಿಯ ಹುಡುಗರು ಗರಡಿಮನೆ ನೋಡಿಕೊಂಡೇ ಬೆಳೆದವರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕುಸ್ತಿ ಅಖಾಡದ ಸುತ್ತ ಜನ ಕಿಕ್ಕಿರಿದು ನಿಲ್ಲುತ್ತಾರೆ. ಪೈಲ್ವಾನರ ಮೈಮೇಲೆ ಒಂದು ಚಡ್ಡಿ ಬಿಟ್ಟರೆ ಮತ್ತೇನಿಲ್ಲ. ಅಲ್ಲಿ ಯಾರಿಗೂ ಮುಜುಗರವಿಲ್ಲ, ಏಕೆಂದರೆ ಆ ಮೈ ಕೆಲಸದಲ್ಲಿದೆ. ಅದೇ ಪೈಲ್ವಾನನನ್ನು ಮಂಚಕ್ಕೆ ಒರಗಿಸಿ, ಸೊಂಟ ಓರೆ ಮಾಡಿ, ತುಟಿ ಅರೆತೆರೆಸಿ ಚಿತ್ರ ತೆಗೆದು ತೋರಿಸಿದರೆ ಅದೇ ಜನ ಮುಖ ತಿರುಗಿಸುತ್ತಾರೆ, ಇಲ್ಲವೇ ನಗುತ್ತಾರೆ. ಮೈ ಅಷ್ಟೇ ಕಂಡಿದೆ, ಚಡ್ಡಿಯೂ ಅದೇ.

ಹಾಗಾಗಿ ಗಂಡು ಪಾತ್ರಕ್ಕೆ ಜನ ಹೇಗೆ ಸ್ಪಂದಿಸುತ್ತಾರೆ, ಹೆಣ್ಣು ಪಾತ್ರಕ್ಕೆ ಹೇಗೆ ಎಂದು ಪರೀಕ್ಷೆ ಮಾಡಿ ತಿಳಿಯಬೇಕಾದರೆ ಅವರಿಗೆ ತೋರಿಸಲು ಎರಡಲ್ಲ, ನಾಲ್ಕು ಚಿತ್ರ ಬೇಕು: ಗಂಡು ಹೋರಾಟದ ಭಂಗಿಯಲ್ಲಿ, ಗಂಡು ಮಾದಕ ಭಂಗಿಯಲ್ಲಿ, ಹೆಣ್ಣು ಹೋರಾಟದ ಭಂಗಿಯಲ್ಲಿ, ಹೆಣ್ಣು ಮಾದಕ ಭಂಗಿಯಲ್ಲಿ. ನಾಲ್ಕರಲ್ಲೂ ಬೆಳಕು, ಹಿನ್ನೆಲೆ, ಕ್ಯಾಮೆರಾದ ದೂರ, ಕೈಯಲ್ಲಿರುವ ಆಯುಧ ಒಂದೇ ಇರಲಿ. ಬಟ್ಟೆ ಮುಚ್ಚಿದ ಭಾಗವೂ ಆದಷ್ಟು ಸಮ ಇರಲಿ. ಬದಲಾಗಬೇಕಾದದ್ದು ಭಂಗಿ ಮತ್ತು ನೋಟ ಮಾತ್ರ.

ಕೋಟೆ ಕಥೆಯ ಗೇಮ್ ಆದರೆ ಒಂದು ಎಚ್ಚರ. ಪರೀಕ್ಷೆಯ ಚಿತ್ರಕ್ಕೆ ಒನಕೆ ಓಬವ್ವನನ್ನೋ ಮದಕರಿ ನಾಯಕನನ್ನೋ ಬಳಸಬೇಡಿ. ಚಿತ್ರದುರ್ಗದಲ್ಲಿ ಜಿಲ್ಲಾಧಿಕಾರಿ ಕಚೇರಿ ಮುಂದೆ ಓಬವ್ವನ ಪ್ರತಿಮೆಯಿದೆ, ಸ್ಟೇಡಿಯಂಗೂ ಆಕೆಯದೇ ಹೆಸರು. ಆಕೆಯನ್ನು ಕಿಂಡಿಯ ಮುಂದೆ ಸೊಂಟ ಬಳುಕಿಸಿ ನಿಲ್ಲಿಸಿದರೆ ಸಿಗುವುದು ವಿನ್ಯಾಸದ ಬಗೆಗಿನ ಅಭಿಪ್ರಾಯವಲ್ಲ, ನ್ಯಾಯವಾದ ಸಿಟ್ಟು. ಹೆಸರಿಲ್ಲದ ಕಾವಲುಗಾರ, ಕಾವಲುಗಾರ್ತಿ ಸಾಕು. ಇನ್ನು ಗೇಮಿಗೇ ಓಬವ್ವನನ್ನು ಮಾಡುವುದಾದರೆ ಬತ್ತ ಕುಟ್ಟುವ ಹೆಂಗಸಿನ ಮುಂಗೈ ಮತ್ತು ಭುಜ ನೋಡಿ ಮಾಡಿ. ದಿನಾ ಒನಕೆ ಎತ್ತುವ ಮೈಯಲ್ಲಿ ಬಲ ಬೆನ್ನಿಗೂ ಮುಂಗೈಗೂ ಬರುತ್ತದೆ. ಹಿಡಿಯಷ್ಟು ಸೊಂಟ ಇಟ್ಟರೆ ಆ ಒನಕೆ ಎತ್ತುವವರು ಯಾರು?

ಪರೀಕ್ಷೆಗೆ 24 ಜನ ಸಾಕು, 12 ಗಂಡು, 12 ಹೆಣ್ಣು, ಎಲ್ಲರೂ 18 ದಾಟಿದವರು. ನಾಲ್ಕು ಚಿತ್ರಗಳನ್ನು ನಾಲ್ಕು ಬೇರೆ ಬೇರೆ ಸರದಿಯಲ್ಲಿ ಜೋಡಿಸಿಕೊಂಡು ಪ್ರತಿ ಸರದಿಗೆ ಮೂವರು ಗಂಡು, ಮೂವರು ಹೆಣ್ಣು ಎಂದು ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಸರದಿ ಬದಲಿಸದಿದ್ದರೆ ಮೊದಲು ಕಂಡ ಚಿತ್ರ ಮುಂದಿನ ಮೂರಕ್ಕೂ ತನ್ನ ಬಣ್ಣ ಬಳಿದುಬಿಡುತ್ತದೆ. ಮಾದಕ ಚಿತ್ರ ಮೊದಲು ಬಂದರೆ ಆಮೇಲಿನ ಹೋರಾಟದ ಚಿತ್ರವನ್ನೂ ಜನ ಅದೇ ಕಣ್ಣಲ್ಲಿ ನೋಡುತ್ತಾರೆ. 24 ಜನರ ಮಾತಿನಿಂದ ಶೇಕಡಾವಾರು ಹೇಳಲು ಹೋಗಬೇಡಿ. ಎಲ್ಲಿ ಮುಳ್ಳಿದೆ ಎಂದು ತಿಳಿಯಲು ಮಾತ್ರ ಆ ಸಂಖ್ಯೆ ಸಾಲುತ್ತದೆ.

ದೊಡ್ಡ ಮಾನಿಟರಿನಲ್ಲಿ ತೋರಿಸಬೇಡಿ. ನಮ್ಮ ಕಡೆ ಬಹುತೇಕರು ಆಡುವುದು ಫೋನಿನಲ್ಲಿ. ಒಬ್ಬೊಬ್ಬರನ್ನೇ ಕೂರಿಸಿ, ಹೆಣ್ಣುಮಕ್ಕಳ ಜೊತೆ ಹೆಣ್ಣುಮಗಳೇ ಕೂರಲಿ. ಚಿತ್ರವನ್ನು ಐದು ಸೆಕೆಂಡು ತೋರಿಸಿ ತೆಗೆದುಬಿಡಿ. ಆಮೇಲೆ ಮೂರೇ ಪ್ರಶ್ನೆ: ಏನು ಕಂಡಿತು? ಇವನ ಅಥವಾ ಇವಳ ಕೆಲಸ ಏನಿರಬಹುದು? ಕೈಯಲ್ಲಿ ಏನಿತ್ತು?

ಈ ಮೂರನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ. ಹೋರಾಟದ ಭಂಗಿಯಲ್ಲಿ ಈಟಿ ಇತ್ತು ಎಂದು ಥಟ್ಟನೆ ಹೇಳುವವರೇ ಹೆಣ್ಣಿನ ಮಾದಕ ಭಂಗಿಯಲ್ಲಿ ಅದೇ ಈಟಿಯನ್ನು ಮರೆತಿರುತ್ತಾರೆ. ಈಟಿ ನೆನಪಿಲ್ಲ ಎಂದರೆ ಅವಳು ಕಾವಲುಗಾರ್ತಿ ಎಂಬುದೂ ನೋಡಿದವರ ತಲೆಗೆ ಹೋಗಿಲ್ಲ. ಅಶ್ಲೀಲವೋ ಅಲ್ಲವೋ ಎಂಬ ವಾದ ಆಮೇಲಿನದು. ಪಾತ್ರ ಯಾರು ಎಂದೇ ಚಿತ್ರ ಹೇಳುತ್ತಿಲ್ಲ. ವಾದಕ್ಕೆ ನಿಲ್ಲುವ ಪ್ರೊಡ್ಯೂಸರಿಗೂ ಈ ಒಂದು ಮಾತು ಅರ್ಥವಾಗುತ್ತದೆ.

ಗಂಡಿನ ಮಾದಕ ಭಂಗಿಗೆ ಮೊದಲು ಬರುವುದು ನಗು. ಬಹಳ ಜನ ಇದನ್ನು ‘ಇಷ್ಟವಾಯಿತು’ ಎಂದು ಬರೆದುಕೊಂಡು ಮೋಸಹೋಗುತ್ತಾರೆ. ನಗುವಿನಲ್ಲೂ ಬಗೆಗಳಿವೆ, ಬೇರೆ ಬೇರೆಯಾಗಿ ಬರೆದುಕೊಳ್ಳಿ. ಚಿತ್ರ ನೋಡುತ್ತಲೇ ನಕ್ಕು ಮತ್ತೆ ಚಿತ್ರಕ್ಕೆ ಕಣ್ಣು ಹೊರಳಿಸಿದರೆ ಅದು ಖುಷಿ. ನಕ್ಕು ಕಣ್ಣನ್ನು ಪಕ್ಕಕ್ಕೆ ಸರಿಸಿ ನಿಮ್ಮ ಮುಖ ನೋಡಿದರೆ ಅದು ಮುಜುಗರ. ‘ನಾನು ಇದನ್ನು ಮೆಚ್ಚಿಲ್ಲ, ನೋಡಿ’ ಎಂಬ ಸಾಕ್ಷಿ ಅದು. ಇಬ್ಬರು ಗೆಳೆಯರನ್ನು ಒಟ್ಟಿಗೆ ಕೂರಿಸಿದರೆ ಈ ಎರಡನೆಯ ನಗು ತುಂಬಾ ಜೋರಾಗುತ್ತದೆ, ಜೊತೆಗೆ ‘ಹೆಣ್ಣಿಗನ ಥರ ನಿಂತಾನೆ’ ಎಂಬ ಮಾತೂ ಬರುತ್ತದೆ. ಆದ್ದರಿಂದ ಒಂಟಿ ಸುತ್ತು ಮೊದಲು, ಜೋಡಿ ಸುತ್ತು ಆಮೇಲೆ. ಎರಡರ ನಡುವಿನ ವ್ಯತ್ಯಾಸವೇ ಮಾಹಿತಿ: ಒಬ್ಬನೇ ಇದ್ದಾಗ ಸುಮ್ಮನೆ ನೋಡಿದವನು ಗೆಳೆಯನ ಎದುರು ಗೇಲಿ ಮಾಡಿದರೆ, ಆ ಸ್ಕಿನ್ (ಗೇಮಿನಲ್ಲಿ ಪಾತ್ರಕ್ಕೆ ತೊಡಿಸುವ ವೇಷ) ಅವನಿಗೆ ಹಿಡಿಸಿದರೂ ಜೊತೆಗೆ ಆಡುವ ಸ್ಕ್ವಾಡ್ ಮುಂದೆ ಹಾಕಿಕೊಂಡು ಬರುವುದಿಲ್ಲ.

ಹೆಣ್ಣಿನ ಮಾದಕ ಚಿತ್ರಕ್ಕೆ ಗಂಡಸರಿಂದ ನಗು ಬರುವುದು ಕಡಿಮೆ. ಅದು ಕಣ್ಣಿಗೆ ರೂಢಿಯಾಗಿದೆ. ಆಡಬಹುದಾದ ಹೆಣ್ಣು ಪಾತ್ರಗಳಿರುವ 571 ಗೇಮ್‌ಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಇಂಥ ಚಿತ್ರಣ 1990ರ ದಶಕದಲ್ಲಿ ತುದಿಗೇರಿ ಆಮೇಲೆ ಇಳಿದಿದೆ ಎಂದು ತೋರಿಸಿತು. ಮುಖ್ಯ ಪಾತ್ರಗಳಿಗಿಂತ ಪಕ್ಕದ ಪಾತ್ರಗಳಲ್ಲಿ ಅದು ಹೆಚ್ಚು ಎಂಬುದನ್ನೂ ಅದೇ ಅಧ್ಯಯನ ಹೇಳಿತು. ನಮ್ಮ ಪರೀಕ್ಷೆಗೆ ಈ ಎರಡನೆಯ ಮಾತು ಮುಖ್ಯ. ನಾಯಕಿಯನ್ನು ಎಲ್ಲರೂ ಹತ್ತು ಸಲ ತಿದ್ದುತ್ತಾರೆ, ಅಂಗಡಿಯವಳು, ಗೂಢಚಾರಿಣಿ, ಮೂರನೇ ಲೆವೆಲ್ಲಿನ ಶತ್ರು ಹಾಗೇ ಜಾರಿಹೋಗುತ್ತಾರೆ. ಪಕ್ಕದ ಪಾತ್ರಗಳನ್ನೂ ಪಟ್ಟಿಗೆ ಸೇರಿಸಿ.

ಹೆಣ್ಣುಮಕ್ಕಳು ಆ ಚಿತ್ರ ಕಂಡಾಗ ಸಿಟ್ಟಾಗುತ್ತಾರೆ ಎಂಬ ಕಲ್ಪನೆ ಅಷ್ಟು ಸರಿಯಲ್ಲ. ಹೆಚ್ಚಿನವರು ಸುಮ್ಮನಾಗುತ್ತಾರೆ, ಉತ್ತರ ಚಿಕ್ಕದಾಗುತ್ತದೆ, ಕೂತ ಭಂಗಿ ಬದಲಾಗುತ್ತದೆ, ಕೆಲವರ ಕೈ ವೇಲಿನ ಕಡೆಗೆ ಹೋಗುತ್ತದೆ. ತಾವೇ ಆಡಬೇಕಾದ ಪಾತ್ರ ಅದು ಎಂದು ತಿಳಿದಾಗ ಇದು ಇನ್ನೂ ಸ್ಪಷ್ಟ. 2013ರಲ್ಲಿ ಜೆಸ್ಸಿ ಫಾಕ್ಸ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗದಲ್ಲಿ, ವರ್ಚುವಲ್ ಜಗತ್ತಿನಲ್ಲಿ ಮಾದಕ ಉಡುಪಿನ ಅವತಾರ ತೊಟ್ಟ ಹೆಂಗಸರಲ್ಲಿ ತಮ್ಮ ಮೈಯ ಬಗೆಗಿನ ಯೋಚನೆ ಹೆಚ್ಚಿತ್ತು. ಆಟಕ್ಕೆ ಕೊಡಬೇಕಾದ ಗಮನ ಮೈ ಕಡೆಗೆ ಸೋರಿಹೋದರೆ ಅವಳು ಆಡುವುದಾದರೂ ಹೇಗೆ?

ಆದರೆ ಹೆಣ್ಣುಮಕ್ಕಳಿಗೆ ಮಾದಕತೆಯೇ ಬೇಡ ಎಂದು ಷರಾ ಬರೆದು ಮುಗಿಸಬೇಡಿ. 1994ರಲ್ಲಿ ಜಪಾನಿನ ಕೊಯಿ ಕಂಪನಿಯ ಹೆಂಗಸರ ತಂಡ ಏಂಜೆಲಿಕ್ ತಂದಾಗಿನಿಂದ ಹೆಣ್ಣುಮಕ್ಕಳಿಗಾಗಿಯೇ ಪ್ರೇಮದ ಗೇಮ್‌ಗಳಿವೆ. 2024ರ ಜನವರಿಯಲ್ಲಿ ಬಂದ ಲವ್ ಆ್ಯಂಡ್ ಡೀಪ್‌ಸ್ಪೇಸ್ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಗಂಡಿನ ಆಕರ್ಷಣೆ ಗುಡ್ಡದಂಥ ಎದೆಯಲ್ಲಿಲ್ಲ. ಮುಖದ ಹತ್ತಿರದ ಕ್ಯಾಮೆರಾ, ದನಿ, ಬೆರಳು, ಮಡಚಿದ ತೋಳು, ಮಾತು ಕೇಳಿಸಿಕೊಳ್ಳುವ ಕಣ್ಣು, ಇವುಗಳಲ್ಲಿದೆ. ಗಂಡಸರ ತಂಡ ‘ಹೆಣ್ಣುಮಕ್ಕಳಿಗೆ ಇಷ್ಟವಾಗಲಿ’ ಎಂದು ಪಾತ್ರದ ತೋಳು ಇನ್ನೆರಡು ಇಂಚು ದಪ್ಪ ಮಾಡುತ್ತದೆ. ಅದು ಗಂಡಸರದೇ ಆಸೆ.

ಹೆಸರಾದ ಕೆಲವು ಪ್ರಕರಣಗಳನ್ನು ತಂಡಕ್ಕೆ ತೋರಿಸಲೇಬೇಕು. 2001ರ ಮೆಟಲ್ ಗಿಯರ್ ಸಾಲಿಡ್ 2ರಲ್ಲಿ ರೈಡನ್ ಬೆತ್ತಲೆಯಾಗಿ, ಕೈಯಿಂದ ಮುಚ್ಚಿಕೊಂಡು ಓಡುವ ಭಾಗವಿದೆ. ಜನ ಅದನ್ನು ನೆನೆದು ನಗುತ್ತಾರೆ. ಅದೇ ಸರಣಿಯ 2015ರ ಗೇಮಿನಲ್ಲಿ ಕ್ವಯಟ್ ಎಂಬ ಹೆಣ್ಣು ಗುರಿಕಾರಳಿಗೆ ಬಟ್ಟೆ ಕಡಿಮೆ, ಅವಳು ಚರ್ಮದಿಂದ ಉಸಿರಾಡುತ್ತಾಳೆ ಎಂಬುದು ಕಥೆ ಕೊಟ್ಟ ಕಾರಣ. ಆ ಕಾರಣವನ್ನು ಬಹಳ ಜನ ಒಪ್ಪಲಿಲ್ಲ, ಏಕೆಂದರೆ ಕ್ಯಾಮೆರಾ ಹೋಗುವ ಜಾಗಕ್ಕೂ ಉಸಿರಾಟಕ್ಕೂ ಸಂಬಂಧವಿಲ್ಲ. ಕಥೆ ಬರೆಯುವವರು ಎಷ್ಟೇ ಒಳ್ಳೆಯ ಕಾರಣ ಕೊಟ್ಟರೂ ಕ್ಯಾಮೆರಾ ಅದನ್ನು ಅಳಿಸಿಹಾಕುತ್ತದೆ. 2016ರ ಮಾರ್ಚ್‌ನಲ್ಲಿ ಓವರ್‌ವಾಚ್ ಗೇಮಿನ ಟ್ರೇಸರ್ ಎಂಬ ಹೆಣ್ಣು ಪಾತ್ರದ ಒಂದು ಗೆಲುವಿನ ಭಂಗಿಯನ್ನು ತಕರಾರು ಬಂದ ಮೇಲೆ ತೆಗೆದರು. ಅವಳು ಪೂರ್ತಿ ಬಟ್ಟೆಯಲ್ಲಿದ್ದಳು! ತಕರಾರು ಇದ್ದದ್ದು ಆ ನಿಲುವು ಅವಳ ಸ್ವಭಾವದ್ದಲ್ಲ ಎಂದು. ಬದಲಿಗೆ ಬಂದ ಭಂಗಿಯೂ ಗೋಡೆಗೆ ಅಂಟಿಸುವ ಚೆಲುವೆಯರ ಹಳೆಯ ಪಿನ್‌ಅಪ್ ಚಿತ್ರಗಳ ಜಾಡಿನದೇ, ಆದರೆ ಅದರಲ್ಲಿ ಅವಳ ತುಂಟತನ ಇತ್ತು. ಬಟ್ಟೆಯ ಅಳತೆ ಹಿಡಿದು ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಬಂದ ಸ್ಟೆಲ್ಲರ್ ಬ್ಲೇಡ್ ಗೇಮಿನದು ಉಲ್ಟಾ ಕಥೆ. ಪ್ಯಾಚ್‌ನಲ್ಲಿ, ಅಂದರೆ ಗೇಮಿಗೆ ಕಳಿಸುವ ತಿದ್ದುಪಡಿಯಲ್ಲಿ, ಕೆಲವು ಉಡುಪುಗಳಿಗೆ ಬಟ್ಟೆ ಹೆಚ್ಚಿಸಿದ್ದಕ್ಕೆ ಆಟಗಾರರು ಸಹಿ ಸಂಗ್ರಹಕ್ಕೇ ಇಳಿದರು. ಕೊಟ್ಟು ಕಿತ್ತುಕೊಂಡರೆ ಯಾವ ಪಕ್ಷದವರೂ ಕ್ಷಮಿಸುವುದಿಲ್ಲ. ಕಡಿಮೆ ಮಾಡುವುದಿದ್ದರೆ ರಿಲೀಸಿಗೆ ಮುಂಚೆ ಮಾಡಿ. ಮಾರಾಟವಾದ ಸ್ಕಿನ್ನನ್ನಂತೂ ಮುಟ್ಟಬೇಡಿ. ಭಾರತಕ್ಕೆಂದು 2020ರ ನವೆಂಬರ್‌ನಲ್ಲಿ ಘೋಷಿಸಿದ ಪಬ್‌ಜಿ ಮೊಬೈಲ್ ಆವೃತ್ತಿಯಲ್ಲಿ ಪಾತ್ರಗಳು ಶುರುವಿನಿಂದಲೇ ಬಟ್ಟೆ ತೊಟ್ಟಿರುತ್ತವೆ ಎಂದು ಮೊದಲೇ ಹೇಳಿದ್ದರು, ಗಂಡಿಗೂ ಹೆಣ್ಣಿಗೂ ಒಂದೇ ನಿಯಮ. ದಾರಿ ಅದು.

ಈಗ ರಿಪೇರಿ. ಚಿತ್ರ ಎಡವಿದೆ ಎಂದು ಗೊತ್ತಾದಾಗ ಎಲ್ಲರ ಕೈ ಬಟ್ಟೆಗೆ ಹೋಗುತ್ತದೆ. ಬಟ್ಟೆಯನ್ನು ಕೊನೆಗೆ ಮುಟ್ಟಿ, ಮೊದಲು ಕ್ಯಾಮೆರಾ ನೋಡಿ. ಸೊಂಟದ ಎತ್ತರದಿಂದ ಮೇಲಕ್ಕೆ ನೋಡುವ ಕ್ಯಾಮೆರಾ ಗಂಡಿಗೆ ಸಿನಿಮಾ ಹೀರೋ ಎಂಟ್ರಿಯ ಗತ್ತು ಕೊಡುತ್ತದೆ. ಅದೇ ಕ್ಯಾಮೆರಾ ಹೆಣ್ಣಿನ ತೊಡೆಯ ಮೇಲೆ ಕಣ್ಣು ನಿಲ್ಲಿಸುತ್ತದೆ. ಇಬ್ಬರಿಗೂ ಕ್ಯಾಮೆರಾವನ್ನು ಎದೆ ಎತ್ತರಕ್ಕೆ ತಂದು, ಆಯುಧವನ್ನು ಮೈಯ ಮುಂದೆ ದಾಟಿಸಿ ಹಿಡಿಸಿದರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಪಾತ್ರದ ಹಿಂದಿನಿಂದ ಕಾಣುವ ಗೇಮ್ ಆದರೆ ಆಟಗಾರ ಗಂಟೆಗಟ್ಟಲೆ ನೋಡುವುದು ಬೆನ್ನನ್ನು. ಮುಂಭಾಗವನ್ನು ವಾರಗಟ್ಟಲೆ ತಿದ್ದಿ, ಬೆನ್ನಿನ ಕಡೆ ಒಂದು ಸಂಜೆಯಲ್ಲಿ ಮುಗಿಸುವ ತಪ್ಪು ಬಹಳ ಕಡೆ ನಡೆಯುತ್ತದೆ.

ಆಮೇಲೆ ನಡಿಗೆ. ಹೆಣ್ಣು ಪಾತ್ರದ ನಡಿಗೆಯ ಅನಿಮೇಷನ್ನನ್ನು ಹಾಗೇ ಎತ್ತಿ ಗಂಡಿನ ರಿಗ್‌ಗೆ (ಪಾತ್ರವನ್ನು ಕುಣಿಸುವ ಒಳಗಿನ ಎಲುಬಿನ ಚೌಕಟ್ಟಿಗೆ) ಹಾಕಿ ಓಡಿಸಿ. ನೋಡಿದವರು ನಕ್ಕರೆ ಅದು ಕಾವಲುಗಾರ್ತಿಯ ನಡಿಗೆಯಲ್ಲ, ಫ್ಯಾಷನ್ ಶೋ ನಡಿಗೆ. ಸೊಂಟದ ಮೂಳೆಯ ತಿರುಗುವಿಕೆ ಕಡಿಮೆ ಮಾಡಿ, ಭಾರವನ್ನು ಹಿಮ್ಮಡಿಗೆ ಇಳಿಸಿ. ಎದೆಯ ಅಲುಗಾಟಕ್ಕೆ ಹಾಕುವ, ಸ್ಪ್ರಿಂಗಿನಂತೆ ಕುಣಿಯುವ ‘ಸ್ಪ್ರಿಂಗ್ ಬೋನ್’ಗಳದು ಬೇರೆಯೇ ಕಾಟ. ಆಫೀಸಿನ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 60 ಫ್ರೇಮ್‌ಗೆ ಹೊಂದಿಸಿದ್ದು ಕಡಿಮೆ ಬೆಲೆಯ ಫೋನಿನಲ್ಲಿ ಫ್ರೇಮ್ 30ಕ್ಕಿಂತ ಕೆಳಗಿಳಿದಾಗ ಗಡಗಡ ನಡುಗುತ್ತದೆ. ಯಾರೂ ಉದ್ದೇಶಪಟ್ಟು ಮಾಡದ ಅಸಹ್ಯ ಪರದೆಯ ಮೇಲೆ ಕಾಣುತ್ತದೆ. ಕೆಳಮಟ್ಟದ ಗ್ರಾಫಿಕ್ಸ್‌ನಲ್ಲಿ ಆ ಬೋನ್‌ಗಳನ್ನು ಪೂರ್ತಿ ಆಫ್ ಮಾಡಿ, ಉಳಿದ ಕಡೆ ಗಡಸುತನ ಹೆಚ್ಚಿಸಿ, ಅಲುಗಾಟದ ಲೆಕ್ಕವನ್ನು ಸ್ಥಿರ ಟೈಮ್‌ಸ್ಟೆಪ್‌ನಲ್ಲಿ, ಅಂದರೆ ಫ್ರೇಮ್ ಏರಿಳಿದರೂ ಬದಲಾಗದ ಸಮಯದ ಅಂತರದಲ್ಲಿ, ನಡೆಸಿ.

ಗಂಡು ಪಾತ್ರಕ್ಕೆ ಚರ್ಮದ ಹೊಳಪು ನೋಡಿ. ರಫ್‌ನೆಸ್ (ಈ ಅಂಕಿ ಇಳಿದಷ್ಟೂ ಹೊಳಪು ಹೆಚ್ಚು) 0.3ರ ಸುತ್ತ ಇದ್ದರೆ ಎಣ್ಣೆ ಸವರಿದ ಫೋಟೋ ಶೂಟ್ ಮೈ. 0.55ರಿಂದ 0.6ಕ್ಕೆ ಏರಿಸಿ, ಮೊಣಕೈ, ಭುಜ, ಬೆನ್ನಿಗೆ ಕೆಮ್ಮಣ್ಣು ಮೆತ್ತಿದಂತೆ ಕಾಣುವ ಮಾಸ್ಕ್ ಪದರ ಹಾಕಿದರೆ ಅದೇ ಬರಿಮೈ ಗರಡಿಯಿಂದ ಎದ್ದುಬಂದಂತೆ ಕಾಣುತ್ತದೆ. ಬಟ್ಟೆಯ ಒಂದು ನೂಲೂ ಸೇರಿಸದೆ ಮುಜುಗರದ ನಗು ನಿಲ್ಲುತ್ತದೆ.

ಪ್ಲೇ ಸ್ಟೋರಿನ 1024×500 ಬ್ಯಾನರಿಗೆ ಮಾದಕ ಹೆಣ್ಣು ಚಿತ್ರ ಹಾಕಿ ಡೌನ್‌ಲೋಡ್ ಎಳೆಯುವ ಆಸೆ ಮಾರ್ಕೆಟಿಂಗ್‌ನವರಿಗೆ ಇರುತ್ತದೆ. ಒಳಗೆ ಸಿಗುವುದು ಕೋಟೆ ಕಾಯುವ ಆಟವಾದರೆ ಬಂದವರು ಅಷ್ಟೇ ಬೇಗ ಅಳಿಸಿ ಹೋಗುತ್ತಾರೆ, ಕೋಟೆ ಕಾಯಲು ಬರಬೇಕಾದವರು ಬ್ಯಾನರ್ ನೋಡಿಯೇ ಮುಂದೆ ಸರಿಯುತ್ತಾರೆ.

ಕೊನೆಗೆ, ನಮ್ಮೂರಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಉತ್ತರ: ‘ಒಂಥರಾ ಐತಿ.’ ಇದನ್ನು ‘ಇಷ್ಟವಿಲ್ಲ’ ಎಂದು ಬರೆಯಬೇಡಿ, ‘ಪರವಾಗಿಲ್ಲ’ ಎಂದೂ ಬರೆಯಬೇಡಿ. ನಾಚಿಕೆ, ಅಸಹ್ಯ, ಆಸೆ, ಮೆಚ್ಚುಗೆ ನಾಲ್ಕೂ ಆ ಒಂದೇ ಮಾತಿನಲ್ಲಿ ಅಡಗುತ್ತವೆ. ‘ಒಂಥರಾ ಅಂದ್ರೆ ಹೆಂಗೆ ಅಕ್ಕಾ?’ ಎಂದು ಕೇಳಿ ಬಾಯಿ ಮುಚ್ಚಿ ಕೂರಬೇಕು. ನಾಲ್ಕೈದು ಸೆಕೆಂಡಿನ ಮೌನವನ್ನು ನೀವು ತುಂಬದಿದ್ದರೆ ಅವರು ತುಂಬುತ್ತಾರೆ. ‘ಚೆನ್ನಾಗೇನೋ ಐತಿ, ನಮ್ಮ ತಮ್ಮನ ಮುಂದೆ ತೆಗಿಯಕ್ಕಾಗಲ್ಲ’ ಎಂದರೆ ಮನೆಯಲ್ಲಿ ಒಂದೇ ಫೋನು, ನಾಲ್ಕು ಜೋಡಿ ಕಣ್ಣು. ಆ ಉತ್ತರ ಬರೆದುಕೊಂಡ ಹಾಳೆ ಉಡುಪಿನವರ ಮೇಜಿಗೆ ಹೋಗಬೇಕು, ಅವರು ಪುಕ್ಕಟೆಯಾಗಿ ಇನ್ನೊಂದು ಮೈತುಂಬಾ ಉಡುಪು ಕೊಡಬೇಕು. ‘ಯುದ್ಧಕ್ಕೆ ಹೊಂಟಾಳೋ ಫೋಟೋಕ್ಕೆ ನಿಂತಾಳೋ ಗೊತ್ತಾಗಲ್ಲ’ ಎಂದರೆ ಉಡುಪು ಬದಲಿಸಿ ಪ್ರಯೋಜನವಿಲ್ಲ. ಆ ಹಾಳೆಯನ್ನು ಅನಿಮೇಷನ್‌ನವರಿಗೆ ಕೊಡಿ, ಆಡಿದ ಮಾತನ್ನು ಆಡಿದ ಹಾಗೇ ಬರೆದು.